ಘಟಿಕೋತ್ಸವ: ಒಂದು ಮಾತಿಗೆ ಸಾವಿರ ಸಾಕ್ಷಿ

ಕುಕ್ಕರಹಳ್ಳಿ ಕೆರೆಯ ಏರಿಯಲ್ಲಿ ಬೆಳಗಿನ ನಡಿಗೆ ಮುಗಿಸಿದವರು ಮನೆ ಕಡೆ ಹೊರಡುವ ಹೊತ್ತಿಗೆ, ಅನತಿ ದೂರದಲ್ಲಿರುವ ಮೈಸೂರು ವಿಶ್ವವಿದ್ಯಾನಿಲಯದ ಕ್ರಾಫರ್ಡ್ ಭವನದ ಮುಂದೆ ಬೇರೆಯೇ ಜನ ಸೇರಿರುತ್ತಾರೆ. ಮೈಸೂರಿನ ಈ ರಸ್ತೆಯಲ್ಲಿ ವರ್ಷಕ್ಕೊಮ್ಮೆ ಕಾಣುವ ಜನ. ಬೀರುವಿನ ವಾಸನೆ ಇನ್ನೂ ಬಿಡದ ರೇಷ್ಮೆ ಸೀರೆ, ಮಡಿಕೆಯ ಗೆರೆ ಮಾಸದ ಬಿಳಿ ಅಂಗಿ, ಕೈಯಲ್ಲೊಂದು ನೀರಿನ ಬಾಟಲಿ. ಎಚ್.ಡಿ. ಕೋಟೆ, ಹುಣಸೂರು, ನಂಜನಗೂಡು ಕಡೆಯಿಂದ ಮೊದಲ ಬಸ್ಸು ಹಿಡಿದು ಬಂದವರು. ಮಗಳು ಬೇರೆ ಬಾಗಿಲಿನಿಂದ ಒಳಗೆ ಹೋಗಿಯಾಗಿದೆ. ಇವರು ಪಾಸು ಹಿಡಿದು ಸಾಲಿನಲ್ಲಿ ನಿಂತಿದ್ದಾರೆ.

ಇಷ್ಟಕ್ಕೂ ಆ ಮಗಳ ಪದವಿ ಪ್ರಮಾಣಪತ್ರ ಇಂದಲ್ಲ ನಾಳೆ ಅವಳ ಮೊಬೈಲಿನ ಡಿಜಿಲಾಕರ್‌ನಲ್ಲೇ ಸಿಗುತ್ತದೆ. ಬೇಕೆಂದರೆ ಅಂಚೆಯಲ್ಲೂ ಬರುತ್ತದೆ. ನೀನು ವೇದಿಕೆ ಹತ್ತಿದ್ದೆಯಾ ಎಂದು ಕೆಲಸ ಕೊಡುವವರು ಯಾರೂ ಕೇಳುವುದಿಲ್ಲ. ಹಾಗಿದ್ದೂ ಇವರೆಲ್ಲ ಏಕೆ ಬರುತ್ತಾರೆ? ನೋಂದಣಿ ಕಚೇರಿಯಲ್ಲಿ ಸಹಿ ಹಾಕಿದರೆ ಮದುವೆ ಆಗಿಯೇ ಹೋಗುತ್ತದೆ; ಆದರೂ ಧಾರೆಗೆ ನೆಂಟರಿಷ್ಟರನ್ನು ಕರೆಯುತ್ತೇವಲ್ಲ, ಉತ್ತರ ಅಲ್ಲೇ ಇದೆ. ಪದವಿ ಕಾಗದವಾಗುವುದು ಆಮೇಲೆ, ಮೊದಲು ಅದೊಂದು ಮಾತು. ಮಾತಿಗೆ ಸಾಕ್ಷಿ ಬೇಕು. ಆ ಸಾಕ್ಷಿಗಳನ್ನು ಕೂಡಿಸುವ ಸಭೆಯೇ ಘಟಿಕೋತ್ಸವ.

ಶಾಸನದಿಂದ ಬಂದ ಹೆಸರು

ಇಂಗ್ಲಿಷಿನ ಕಾನ್ವೊಕೇಶನ್ ಎಂಬ ಪದಕ್ಕೂ ಮೂಲದಲ್ಲಿ ಕರೆದು ಕೂಡಿಸುವುದು ಎಂದೇ ಅರ್ಥ. ಕನ್ನಡ ಅದನ್ನು ಅನುವಾದಿಸುವ ಗೊಡವೆಗೆ ಹೋಗದೆ ಶಾಸನಗಳಲ್ಲಿದ್ದ ಮಾತನ್ನೇ ಎತ್ತಿಕೊಂಡಿತು. ಘಟಿಕೆ ಅಥವಾ ಘಟಿಕಾಸ್ಥಾನ ಎಂದರೆ ಹಿಂದಿನ ಕಾಲದ ಉನ್ನತ ವಿದ್ಯಾಕೇಂದ್ರ. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿ ಇರುವ ನಾಗಾವಿಯಲ್ಲಿ ಅಂಥದೊಂದಿತ್ತು. 1058ರ ಅಲ್ಲಿನ ಶಾಸನ, ವೇದ ಓದುವ 200 ಮತ್ತು ಶಾಸ್ತ್ರ ಓದುವ 50 ವಿದ್ಯಾರ್ಥಿಗಳಿಗೆ, ಅವರ ಉಪಾಧ್ಯಾಯರಿಗೆ ಮಾಡಿದ ಏರ್ಪಾಟನ್ನು ಹೇಳುತ್ತದೆ. ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗಳೂ ಇದ್ದರು, ಅಂದರೆ ಗ್ರಂಥಪಾಲಕರು.

ಇನ್ನೊಂದು ಘಟಿಕೆಯ ಕಥೆ ಕನ್ನಡಿಗರಿಗೆಲ್ಲ ಗೊತ್ತು, ಈ ಹೆಸರಿನೊಂದಿಗೆ ಅದನ್ನು ಕೂಡಿಸಿ ನೋಡುವುದಿಲ್ಲ ಅಷ್ಟೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದ ಮೇಲೆ ಕವಿ ಕುಬ್ಜ ರಚಿಸಿದ ಸಂಸ್ಕೃತ ಶಾಸನವಿದೆ. ಮಯೂರಶರ್ಮ ತನ್ನ ಗುರು ವೀರಶರ್ಮನೊಡನೆ ಪಲ್ಲವರ ಕಂಚಿಗೆ ಹೋಗಿ ಅಲ್ಲಿನ ಘಟಿಕೆಯನ್ನು ಸೇರಿದನೆಂದು ಅದು ಹೇಳುತ್ತದೆ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಯಿತು. ಆ ಅವಮಾನವನ್ನು ನುಂಗಲಾರದೆ ದರ್ಭೆ ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿ ಹಿಡಿದ. ಕದಂಬ ರಾಜ್ಯ ಕಟ್ಟಿದ. ಎಂದರೆ, ಕನ್ನಡ ನಾಡಿನ ಮೊದಲ ರಾಜವಂಶದ ಮೂಲಪುರುಷ ಘಟಿಕೆಯ ಓದನ್ನು ಅರ್ಧಕ್ಕೇ ಬಿಟ್ಟು ಎದ್ದುಬಂದವನು. ರ‍್ಯಾಂಕು ಬಾರದ ಮಕ್ಕಳಿಗೆ ಘಟಿಕೋತ್ಸವದ ದಿನ ಹೇಳಲು ಇದಕ್ಕಿಂತ ದೊಡ್ಡ ಸಮಾಧಾನ ಬೇಕಿಲ್ಲ.

ಪದವಿಯ ಹೆಸರಿನಲ್ಲೂ ಹಳೆಯ ಆಚರಣೆಯೊಂದು ಉಳಿದಿದೆ. ಗುರುಕುಲದಲ್ಲಿ ಓದು ಮುಗಿದಾಗ ಸಮಾವರ್ತನ ನಡೆಯುತ್ತಿತ್ತು. ಅಂದು ಸ್ನಾನ ಮಾಡಿ ಮನೆಗೆ ಮರಳುವವನೇ ಸ್ನಾತಕ. ಎಂ.ಎ. ಮಾಡಿದವರನ್ನು ನಾವು ಸ್ನಾತಕೋತ್ತರ ಪದವೀಧರರೆಂದು ಕರೆಯುವಾಗ ಆ ಸ್ನಾನದ ತೇವ ಇನ್ನೂ ಆರಿಲ್ಲ. ಹೊರಟು ನಿಂತ ಶಿಷ್ಯನಿಗೆ ಗುರು ಹೇಳುವ ಬುದ್ಧಿಮಾತು ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯಲ್ಲಿದೆ. ಸತ್ಯವನ್ನು, ಕಲಿಕೆಯನ್ನು, ಹೆತ್ತವರನ್ನು, ಮನೆಗೆ ಬಂದವರನ್ನು ಮರೆಯಬೇಡ ಎನ್ನುವ ಆ ಮಾತು ಇಂದಿಗೂ ಹಲವು ಘಟಿಕೋತ್ಸವಗಳಲ್ಲಿ ಕೇಳಿಬರುತ್ತದೆ.

ಮೈಸೂರಿನ ಮೊದಲ ಸಭೆ

ಒಂದು ಕಾಲಕ್ಕೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರಿಗೆ ಪದವಿ ಕೊಡುತ್ತಿದ್ದುದು ಮದರಾಸು ವಿಶ್ವವಿದ್ಯಾನಿಲಯ. ಕಲಿತದ್ದು ಇಲ್ಲಿ, ಮುದ್ರೆ ಬೀಳುವುದು ಅಲ್ಲಿ. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಅದು ತಪ್ಪಿತು. ಬ್ರಿಟಿಷರ ನೇರ ಆಡಳಿತದ ಹೊರಗೆ, ದೇಶೀ ಸಂಸ್ಥಾನವೊಂದು ಕಟ್ಟಿಕೊಂಡ ಮೊದಲ ವಿಶ್ವವಿದ್ಯಾನಿಲಯ ಅದು. ನಾಲ್ವಡಿ ಕೃಷ್ಣರಾಜ ಒಡೆಯರ್ ಕುಲಾಧಿಪತಿ, ಸರ್ ಎಂ. ವಿಶ್ವೇಶ್ವರಯ್ಯ ದಿವಾನರು, ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ.

ಮೊದಲ ಘಟಿಕೋತ್ಸವ ನಡೆದದ್ದು 1918ರ ಅಕ್ಟೋಬರ್‌ನಲ್ಲಿ. ಭಾಷಣಕ್ಕೆ ಬಂದವರು ಕಲ್ಕತ್ತಾ ವಿಶ್ವವಿದ್ಯಾನಿಲಯವನ್ನು ಬೆಳೆಸಿದ ಸರ್ ಆಶುತೋಷ್ ಮುಖರ್ಜಿ. ಎರಡು ವರ್ಷದ ಕೂಸಾಗಿದ್ದ ವಿಶ್ವವಿದ್ಯಾನಿಲಯ ತಾನು ಕೊಡುವ ಮಾತಿಗೆ ಹಿರಿಯರ ಮನೆಯಿಂದ ಸಾಕ್ಷಿ ಕರೆದಂತಿತ್ತು ಅದು. ಇಂದಿನ ಘಟಿಕೋತ್ಸವಗಳಿಗೆ ನೆಲೆಯಾದ ಕ್ರಾಫರ್ಡ್ ಭವನ ತಲೆಯೆತ್ತಿದ್ದು 1947ರಲ್ಲಿ, ಸಕಲೇಶಪುರದ ಕಾಫಿ ಬೆಳೆಗಾರ ಕ್ರಾಫರ್ಡ್ ಅವರ ಕೊಡುಗೆಯಿಂದ.

ಇದೇ ಭವನದಲ್ಲಿ 2020ರ ಅಕ್ಟೋಬರ್ 19ರಂದು ಶತಮಾನದ ಘಟಿಕೋತ್ಸವ ನಡೆಯಿತು. ಕೊರೊನಾ ಕಾಲ. ಪ್ರಧಾನಿ ನರೇಂದ್ರ ಮೋದಿ ದೆಹಲಿಯಿಂದಲೇ ಪರದೆಯ ಮೇಲೆ ಮಾತನಾಡಿದರು. ಸಭಾಂಗಣಕ್ಕೆ ಬರಲಾದದ್ದು ಕೆಲವರಿಗೆ ಮಾತ್ರ. ಪದವಿಗೇನೂ ಕಡಿಮೆಯಾಗಲಿಲ್ಲ. ಕಡಿಮೆಯಾದದ್ದು ಸಾಲಿನಲ್ಲಿ ನಿಲ್ಲುವ ಆ ರೇಷ್ಮೆ ಸೀರೆ, ಬಿಳಿ ಅಂಗಿಗಳು.

ತೆರೆಮರೆಯ ತಿಂಗಳುಗಳು

ಮೂರು ಗಂಟೆಯ ಸಮಾರಂಭಕ್ಕೆ ಕುಲಸಚಿವರ ಕಚೇರಿಯಲ್ಲಿ ತಿಂಗಳುಗಟ್ಟಲೆ ಮುಂಚೆ ಕೆಲಸ ಶುರುವಾಗುತ್ತದೆ. ಮೊದಲು ದಿನಾಂಕ. ಮೈಸೂರಿನಂಥ ಸರ್ಕಾರಿ ವಿಶ್ವವಿದ್ಯಾನಿಲಯಗಳಿಗೆ ರಾಜ್ಯಪಾಲರೇ ಕುಲಾಧಿಪತಿ, ಉನ್ನತ ಶಿಕ್ಷಣ ಸಚಿವರು ಸಮ ಕುಲಾಧಿಪತಿ. ಹಾಗಾಗಿ ರಾಜಭವನದಿಂದ ದಿನ ಗೊತ್ತಾಗದೆ ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವುದಿಲ್ಲ. ಗೌರವ ಡಾಕ್ಟರೇಟ್ ಪಟ್ಟಿ ಸಿಂಡಿಕೇಟ್ ಸಭೆ ದಾಟಿ ಕುಲಾಧಿಪತಿಗಳ ಒಪ್ಪಿಗೆ ಪಡೆಯಬೇಕು. ಇತ್ತ ಪರೀಕ್ಷಾ ವಿಭಾಗಕ್ಕೆ ಕಾಲದ ಕತ್ತಿ: ವಿದ್ಯಾರ್ಥಿ ಅರ್ಹನಾಗುವ ದಿನದಿಂದ 180 ದಿನಗಳೊಳಗೆ ಪದವಿ ಕೊಡಬೇಕೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ (ಯುಜಿಸಿ) 2008ರ ನಿಯಮಾವಳಿ ಹೇಳುತ್ತದೆ.

ಚಿನ್ನದ ಪದಕಗಳ ಪಟ್ಟಿ ಇನ್ನೂ ಸೂಕ್ಷ್ಮ. ಒಂದೊಂದು ಪದಕದ ಹಿಂದೆಯೂ ಒಂದು ದತ್ತಿ ಇರುತ್ತದೆ. ತೀರಿಕೊಂಡ ಮಗನ ಹೆಸರಿನಲ್ಲಿ ತಂದೆ ಇಟ್ಟದ್ದು, ಮೇಷ್ಟರ ಹೆಸರಿನಲ್ಲಿ ಶಿಷ್ಯರು ಕೂಡಿಸಿದ್ದು. ಇಂಥ ವಿಷಯದಲ್ಲಿ ಅತಿ ಹೆಚ್ಚು ಅಂಕ, ಒಂದೇ ಸಲಕ್ಕೆ ತೇರ್ಗಡೆ, ಹೀಗೆ ಒಂದೊಂದಕ್ಕೂ ಒಂದೊಂದು ಷರತ್ತು. ಮೂಲಧನದ ಬಡ್ಡಿಯಲ್ಲಿ ಒಂದು ಕಾಲಕ್ಕೆ ನಿಜವಾದ ಚಿನ್ನವೇ ಬರುತ್ತಿತ್ತು. ಈಗಿನ ಬೆಲೆಗೆ ಅನೇಕ ಕಡೆ ಚಿನ್ನದ ನೀರು ಕುಡಿಸಿದ ಪದಕವೇ ಗತಿ. ಆದರೂ ಮಾರನೆಯ ದಿನದ ಪತ್ರಿಕೆಯಲ್ಲಿ ಅದನ್ನು ಪಡೆದವಳು ಚಿನ್ನದ ಹುಡುಗಿಯೇ. ಹುಡುಗಿ ಎಂದೇ ಬರೆಯುತ್ತಿದ್ದೇನೆ. ಪದಕ ಪಡೆಯಲು ನಿಂತವರ ಸಾಲನ್ನು ನೋಡಿದವರಿಗೆ ಕಾರಣ ಹೇಳಬೇಕಿಲ್ಲ.

ಕೊನೆಯದು ಪ್ರಮಾಣಪತ್ರದ ಅಚ್ಚು. ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಹೆಸರು. ಕನ್ನಡದ ಒಂದು ದೀರ್ಘ, ಇಂಗ್ಲಿಷಿನ ಒಂದು ಅಕ್ಷರ ತಪ್ಪಿದರೂ ಮುಂದೆ ಪಾಸ್‌ಪೋರ್ಟ್ ಕಚೇರಿಯಲ್ಲಿ ಆ ಮಗು ಅಲೆಯಬೇಕಾಗುತ್ತದೆ.

ವೇದಿಕೆಯ ಮೇಲೆ

ಮೆರವಣಿಗೆಯಿಂದ ಆರಂಭ. ಸಾಮಾನ್ಯವಾಗಿ ಕುಲಸಚಿವರು ಮುಂದೆ, ಅವರ ಹಿಂದೆ ನಿಕಾಯಗಳ ಡೀನರು, ವಿದ್ಯಾವಿಷಯಕ ಪರಿಷತ್ತು ಮತ್ತು ಸಿಂಡಿಕೇಟ್ ಸದಸ್ಯರು, ಕಡೆಯಲ್ಲಿ ಕುಲಾಧಿಪತಿಗಳು. ಸಭೆ ಎದ್ದು ನಿಲ್ಲುತ್ತದೆ. ನಾಡಗೀತೆಯ ನಂತರ ಘಟಿಕೋತ್ಸವ ಆರಂಭವಾಯಿತೆಂದು ವಿಧಿವತ್ತಾಗಿ ಸಾರುತ್ತಾರೆ. ಕಾರ್ಯಕ್ರಮ ಮುಗಿಯಿತೆಂದು ಅಷ್ಟೇ ವಿಧಿವತ್ತಾಗಿ ಸಾರುವವರೆಗೆ ಅದು ಸಮಾರಂಭವಷ್ಟೇ ಅಲ್ಲ, ವಿಶ್ವವಿದ್ಯಾನಿಲಯದ ಅಧಿಕೃತ ಸಭೆ.

ಡೀನರು ತಮ್ಮ ನಿಕಾಯದ ಅಭ್ಯರ್ಥಿಗಳನ್ನು ಹಾಜರುಪಡಿಸುತ್ತಾರೆ. ಇವರು ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಾರೆ, ಪದವಿಗೆ ಅರ್ಹರು ಎನ್ನುತ್ತಾರೆ. ಅಭ್ಯರ್ಥಿಗಳು ಎದ್ದು ಪ್ರತಿಜ್ಞೆ ಸ್ವೀಕರಿಸುತ್ತಾರೆ. ಆಮೇಲೆ ತಮಗಿರುವ ಅಧಿಕಾರದಿಂದ ಇವರಿಗೆ ಪದವಿ ಪ್ರದಾನ ಮಾಡಿರುವುದಾಗಿ ಒಂದೇ ವಾಕ್ಯ. ಅರ್ಧ ನಿಮಿಷವೂ ಹಿಡಿಯದ ಆ ವಾಕ್ಯಕ್ಕಾಗಿಯೇ ಇಷ್ಟು ಶಾಮಿಯಾನ, ಇಷ್ಟು ಹೂವು. ವೇದಿಕೆ ಹತ್ತುವುದು ಪಿಎಚ್.ಡಿ. ಪಡೆದವರು, ಪದಕ ವಿಜೇತರು. ಸಂಯೋಜಿತ ಕಾಲೇಜುಗಳ ಸಾವಿರಾರು ಮಕ್ಕಳಿಗೆ ಪದವಿ ಸಿಗುವುದು ಅವರು ಅಲ್ಲಿಲ್ಲದಿರುವಾಗಲೇ, ಆ ಒಂದು ವಾಕ್ಯದಲ್ಲೇ.

ಆಮೇಲೆ ಘಟಿಕೋತ್ಸವ ಭಾಷಣ. ಬಹುಪಾಲು ಭಾಷಣಗಳು ಊಟದ ಹೊತ್ತಿಗೆ ಮರೆತುಹೋಗುತ್ತವೆ. ಮರೆಯದವೂ ಇವೆ. 1974ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಘಟಿಕೋತ್ಸವದಲ್ಲಿ ಕುವೆಂಪು ಮಾಡಿದ ಭಾಷಣವೇ ಮುಂದೆ ‘ವಿಚಾರಕ್ರಾಂತಿಗೆ ಆಹ್ವಾನ’ ಎಂಬ ಪುಸ್ತಕವಾಗಿ ಅಂದು ಅಲ್ಲಿಲ್ಲದ ತಲೆಮಾರುಗಳನ್ನೂ ತಲುಪಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1956ರಿಂದ 1960ರವರೆಗೆ ಕುಲಪತಿಯಾಗಿದ್ದು, ಅದರ ಸ್ನಾತಕೋತ್ತರ ಆವರಣವಾದ ಮಾನಸಗಂಗೋತ್ರಿಯನ್ನು ಕಟ್ಟಿದವರು ಅವರು. ಪದವಿ ಕೊಡುವ ಕುರ್ಚಿಯನ್ನೂ, ಪದವೀಧರರನ್ನು ಎಚ್ಚರಿಸುವ ವೇದಿಕೆಯನ್ನೂ ಬಲ್ಲವರಾಗಿದ್ದರು.

ಗೌನು ಬೇಕೆ, ಪೇಟ ಸಾಕೆ?

ಗೌನು, ಚೌಕ ಟೋಪಿ ಯುರೋಪಿನ ಮಧ್ಯಯುಗದ ಪಾದ್ರಿಗಳ ಉಡುಪಿನಿಂದ ಬಂದವು. ಅಲ್ಲಿನ ಚಳಿಯ ಕಲ್ಲು ಕಟ್ಟಡಗಳಿಗೆ ಅವು ಸರಿ. ನಮ್ಮ ಸೆಕೆಗೆ? 2010ರಲ್ಲಿ ಭೋಪಾಲದ ಘಟಿಕೋತ್ಸವವೊಂದರಲ್ಲಿ ಆಗಿನ ಕೇಂದ್ರ ಸಚಿವ ಜೈರಾಂ ರಮೇಶ್ ಇದು ವಸಾಹತು ಕಾಲದ ಪಳೆಯುಳಿಕೆಯೆಂದು ಗೌನನ್ನು ವೇದಿಕೆಯಲ್ಲೇ ಕಳಚಿಹಾಕಿದ್ದು ದೇಶಾದ್ಯಂತ ಚರ್ಚೆಯಾಯಿತು. ಕೈಮಗ್ಗದ ಬಟ್ಟೆಯ ಉಡುಪು ಬಳಸಿ ಎಂದು ಯುಜಿಸಿ 2015ರಲ್ಲೂ 2019ರಲ್ಲೂ ವಿಶ್ವವಿದ್ಯಾನಿಲಯಗಳಿಗೆ ಬರೆಯಿತು. ಈಗ ಹಲವೆಡೆ ಬಿಳಿ ಉಡುಪು, ಶಲ್ಯ, ಮೈಸೂರು ಪೇಟ ಕಾಣುತ್ತವೆ.

ಉಡುಪಿಗಿಂತ ಮುಂದಕ್ಕೆ ಹೋದದ್ದು ಹಂಪಿಯ ಕನ್ನಡ ವಿಶ್ವವಿದ್ಯಾಲಯ. 1991ರಲ್ಲಿ ಹುಟ್ಟಿದ ಅದರ ಘಟಿಕೋತ್ಸವದ ಹೆಸರು ನುಡಿಹಬ್ಬ. ಅದು ಕೊಡುವ ಗೌರವ ಪದವಿ ‘ನಾಡೋಜ’, ಅಂದರೆ ನಾಡಿಗೇ ಗುರು. ಶಾಲೆಯ ಮೆಟ್ಟಿಲು ಹತ್ತದ ಜನಪದ ಕಲಾವಿದರೂ ನಾಡೋಜರಾಗಿದ್ದಾರೆ. ಮಯೂರಶರ್ಮ ಬಿಟ್ಟುಬಂದ ಘಟಿಕೆಗೆ ಇವರು ಇನ್ನೊಂದು ಬಾಗಿಲಿನಿಂದ ಒಳಗೆ ಬಂದಂತಾಯಿತು.

ಹೊರಡುವ ಮುನ್ನ

ಮನೆಯಲ್ಲಿ ಈ ವರ್ಷ ಪದವಿ ಪಡೆಯುವವರಿದ್ದರೆ ನಾಲ್ಕು ಮಾತು. ಫಲಿತಾಂಶ ಬಂದಾಕ್ಷಣ ಪದವಿ ತಾನಾಗಿ ಕೈಗೆ ಬರುತ್ತದೆಂದು ಕೂರಬೇಡಿ. ಘಟಿಕೋತ್ಸವದ ಅಧಿಸೂಚನೆ ನೋಡಿ ಅರ್ಜಿ ಹಾಕಿ ಶುಲ್ಕ ಕಟ್ಟಬೇಕು, ತಡವಾದರೆ ದಂಡ. ಅರ್ಜಿಯ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೆ ಅಕ್ಷರ ಅಕ್ಷರವೂ ತಾಳೆಯಾಗಲಿ. ವೇದಿಕೆ ಹತ್ತುವವರು ಹಿಂದಿನ ದಿನದ ತಾಲೀಮು ತಪ್ಪಿಸಬಾರದು: ಯಾವ ಕಡೆಯಿಂದ ಹತ್ತಬೇಕು, ಎಲ್ಲಿ ನಿಂತು ಫೋಟೊಗೆ ಮುಖ ತಿರುಗಿಸಬೇಕು, ಯಾವ ಕಡೆ ಇಳಿಯಬೇಕು ಎಲ್ಲ ಅಲ್ಲೇ ಗೊತ್ತಾಗುವುದು. ಪೋಷಕರಿಗೆ ಪಾಸು ಎಣಿಸಿ ಕೊಡುತ್ತಾರೆ, ಇಡೀ ಬಳಗವನ್ನು ಹೊರಡಿಸಬೇಡಿ. ರಾಜ್ಯಪಾಲರು ಬರುವ ಕಡೆ ಗೇಟು ಬೇಗ ಮುಚ್ಚುತ್ತದೆ, ಬ್ಯಾಗು ಒಳಗೆ ಬಿಡುವುದಿಲ್ಲ. ತಿಂಡಿ ಮುಗಿಸಿಯೇ ಹೋಗಿ.

ಇನ್ನು ಟೋಪಿ ತೂರುವ ವಿಷಯ. ಅಮೆರಿಕದ ನೌಕಾ ಅಕಾಡೆಮಿಯಲ್ಲಿ 1912ರಲ್ಲಿ ಅದು ಶುರುವಾಯಿತೆನ್ನುತ್ತಾರೆ. ಅಧಿಕಾರಿಯ ಹೊಸ ಟೋಪಿ ಸಿಕ್ಕವರಿಗೆ ಹಳೆಯದರ ಅಗತ್ಯವಿರಲಿಲ್ಲ, ತೂರಿದರು. ನಮ್ಮದು ಬಾಡಿಗೆಯ ಟೋಪಿ. ತೂರಿದ್ದು ಮರಳಿ ಸಿಗದಿದ್ದರೆ ಠೇವಣಿ ಹೋಯಿತು.

ಹೆಸರು ಕರೆದಾಗ

ಇಷ್ಟೆಲ್ಲ ಮುಗಿದು ಹೆಸರು ಕರೆಯುವ ಗಳಿಗೆ ಬರುತ್ತದೆ. ನಮ್ಮ ಹೆಸರುಗಳ ಮುಂದಿನ ಒಂದೆರಡು ಇನಿಷಿಯಲ್‌ಗಳನ್ನು ನಾವು ಗಮನಿಸುವುದೇ ಇಲ್ಲ. ಕುವೆಂಪು ಎಂಬಲ್ಲಿ ಕುಪ್ಪಳಿಯಿದೆ, ವೆಂಕಟಪ್ಪನವರಿದ್ದಾರೆ, ಪುಟ್ಟಪ್ಪನವರು ಕೊನೆಗೆ ಬರುತ್ತಾರೆ. ಮೈಕಿನಲ್ಲಿ ಮಗಳ ಹೆಸರು ಮೊಳಗಿದಾಗ ಅದರ ಮುಂದೆ ಒಂದು ಊರು, ಒಬ್ಬ ಅಪ್ಪ ಒಂದೊಂದೇ ಅಕ್ಷರವಾಗಿ ಆ ಸಭಾಂಗಣವನ್ನು ದಾಟುತ್ತಾರೆ. ಮೊಬೈಲಿಗೆ ಬಂದ ಪ್ರಮಾಣಪತ್ರ ಅವರನ್ನು ಹೀಗೆ ಕೂಗಿ ಕರೆಯಲಾರದು.

ಆ ಅಕ್ಷರಗಳಲ್ಲಿ ಸಾಮಾನ್ಯವಾಗಿ ಅಮ್ಮನ ಹೆಸರಿರುವುದಿಲ್ಲ. ಅದು ಮಕ್ಕಳಿಗೆ ಗೊತ್ತಿರಬೇಕು. ಸಭೆ ಮುಗಿದು ಹೊರಗೆ ಮರದ ನೆರಳಿಗೆ ಬಂದೊಡನೆ ಅವರು ಮೊದಲು ಮಾಡುವ ಕೆಲಸವೆಂದರೆ ತಲೆಯ ಮೇಲಿನ ಟೋಪಿಯನ್ನೋ ಪೇಟವನ್ನೋ ತೆಗೆದು ಅಮ್ಮನ ತಲೆಗೆ ಇಡುವುದು. ಮುಡಿದ ಮಲ್ಲಿಗೆ ನಲುಗೀತೆಂದು ಆಕೆ ಬೇಡ ಬೇಡವೆನ್ನುತ್ತಲೇ ಕತ್ತು ಬಗ್ಗಿಸುತ್ತಾರೆ. ಅಪ್ಪ ಫೋಟೊ ತೆಗೆಯುತ್ತಾರೆ.