ಹಳೇ ಕಟ್ಟಡಕ್ಕೆ ಕೈ ಹಾಕುವ ಮುನ್ನ

ಮುಂಬಯಿಯ ಫೋರ್ಟ್, ಗಿರ್ಗಾಂವ್, ಮಾಟುಂಗಾ ಕಡೆ ನಮ್ಮವರ ಎಷ್ಟೋ ಹೋಟೆಲುಗಳು ಪಗಡಿ (ಒಂದೇ ಸಲದ ದೊಡ್ಡ ಮೊತ್ತ) ಕೊಟ್ಟು ಬಾಡಿಗೆಗೆ ಪಡೆದ ಹಳೇ ಗಾಳಾ, ಅಂದರೆ ಮಳಿಗೆಗಳಲ್ಲಿವೆ. ಮೇಲಿನ ಮಹಡಿಗಳಲ್ಲಿ ಎರಡು ಮೂರು ತಲೆಮಾರಿನ ಬಾಡಿಗೆದಾರರು. ಕಟ್ಟಡ ಸೋರತೊಡಗಿದರೆ ಒಬ್ಬರು ‘ಸಿಮೆಂಟು ಬಳಿಸಿ’ ಎನ್ನುತ್ತಾರೆ, ಇನ್ನೊಬ್ಬರು ‘ಕೆಡವಿಸಿ’ ಎನ್ನುತ್ತಾರೆ. ಕೆಡವುವುದು ಎಷ್ಟೋ ಸಲ ಬೇಕಾಗಿಯೇ ಇರುವುದಿಲ್ಲ. ಆದರೆ ಸಿಮೆಂಟು ಬಳಿಸುತ್ತಾ ಹೋದರೆ ಕೊನೆಗೆ ಕೆಡವಲೇಬೇಕಾದೀತು.

ಮೊದಲು ಕಾಗದ ನೋಡಿ

ಪಾರಂಪರಿಕ ಕಟ್ಟಡಗಳ ನಿಯಮ ಮುಂಬಯಿಯಲ್ಲಿ 1995ರಲ್ಲಿ ಬಂತು. ಪಟ್ಟಿಯಲ್ಲಿರುವ ಕಟ್ಟಡಗಳಿಗೆ ಮೂರು ಶ್ರೇಣಿ. ಸಿಎಸ್‌ಎಂಟಿ ನಿಲ್ದಾಣದಂಥ ಒಂದನೇ ಶ್ರೇಣಿಯವನ್ನು ಗಟ್ಟಿಗೊಳಿಸಲು ಬೇಕಾದಷ್ಟೇ ಮುಟ್ಟಬಹುದು. ಎರಡನೇ ಶ್ರೇಣಿಯಲ್ಲಿ ಕಟ್ಟುನಿಟ್ಟಿನ ಪರಿಶೀಲನೆಯ ನಂತರ ಒಳಗಿನ ಬದಲಾವಣೆಗೆ, ಹೊಸ ಬಳಕೆಗೆ ಒಪ್ಪಿಗೆ ಸಿಗುತ್ತದೆ. ಮೂರನೆಯದರಲ್ಲಿ ಸಡಿಲಿಕೆ ಇನ್ನೂ ಹೆಚ್ಚು. ಪಾರಂಪರಿಕ ಕಟ್ಟಡವೆಂದರೆ ಮೊಳೆಯನ್ನೂ ಹೊಡೆಯುವಂತಿಲ್ಲ ಎಂಬ ಹೆದರಿಕೆ ಅನಗತ್ಯ.

ಮೂವತ್ತು ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಆಗಬೇಕು. ವರದಿಯಲ್ಲಿ ‘ಸಿ1’ ಎಂದು ಬಂದರೆ ಖಾಲಿ ಮಾಡಿ ಕೆಡವಬೇಕು. ‘ಸಿ2ಬಿ’ ಎಂದರೆ ದೊಡ್ಡ ರಿಪೇರಿ, ‘ಸಿ3’ ಎಂದರೆ ಸಣ್ಣ ರಿಪೇರಿ. ಮಾಲೀಕರ ಮತ್ತು ಬಾಡಿಗೆದಾರರ ವರದಿಗಳು ತಾಳೆಯಾಗದಿದ್ದರೆ ಪಾಲಿಕೆಯ ತಾಂತ್ರಿಕ ಸಲಹಾ ಸಮಿತಿ ನೋಡುತ್ತದೆ. ‘ಸಿ1’ ಎಂಬ ಒಂದೇ ವರದಿ ನೋಡಿ ಕೈಚೆಲ್ಲಬೇಡಿ.

ನೀರಿನ ಜಾಡು ಹಿಡಿಯಿರಿ

ಹಳೇ ಗೋಡೆಯ ಕಲ್ಲು, ಇಟ್ಟಿಗೆಗಳನ್ನು ಹಿಡಿದಿಟ್ಟಿರುವುದು ಸುಣ್ಣದ ಗಾರೆ. ಅದು ಮಳೆಗಾಲದಲ್ಲಿ ತೇವ ಹೀರಿ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ಬಿರುಕಿನಲ್ಲಿ ಒಳಹೊಕ್ಕ ನೀರಿಗೆ ಹೊರದಾರಿ ಇರುವುದಿಲ್ಲ. ನೀರಿನಲ್ಲಿ ಕರಗಿದ ಉಪ್ಪು ಗಿಲಾವಿನ ಹಿಂದೆ ಹರಳುಗಟ್ಟಿ, ಕಲ್ಲಿನ ಮೈಯನ್ನೇ ಹಕ್ಕಳೆಯಾಗಿ ಕಿತ್ತು ಬೀಳಿಸುತ್ತದೆ. ಗೋಡೆಯೊಳಗಿನ ಕಬ್ಬಿಣ ತುಕ್ಕು ಹಿಡಿದು ಊದಿಕೊಂಡು ಕಲ್ಲನ್ನು ಸೀಳುತ್ತದೆ.

ಹಾಗಾಗಿ ಕೆಲಸ ಶುರುವಾಗುವುದು ಛಾವಣಿಯಿಂದ: ಹಂಚು, ನೀರಿನ ಕೊಳವೆ, ಬಚ್ಚಲು ಮೋರಿ, ಆಮೇಲೆ ಗೋಡೆ. ಸಂದಿಯಲ್ಲಿ ಹುಟ್ಟಿದ ಅರಳಿ ಗಿಡವನ್ನು ಮೇಲಿಂದ ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ಬೇರನ್ನು ಸಾಯಿಸಬೇಕು. ಬಳಿದ ಸಿಮೆಂಟನ್ನು ಉಳಿಯಿಂದ ಮೆಲ್ಲಗೆ ಕಿತ್ತು, ಮರಳು ಮತ್ತು ಇಟ್ಟಿಗೆ ಪುಡಿ ಬೆರೆಸಿದ ಸುಣ್ಣದ ಗಾರೆಯನ್ನು ಸಂದುಗಳಿಗೆ ತುಂಬಬೇಕು. ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನವಾಗಿ ಗಟ್ಟಿಯಾಗುವುದರಿಂದ ಕೆಲಸ ಅವಸರದ್ದಲ್ಲ.

ತೇಗದ ತೊಲೆ ನಡುವೆ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ, ಕೊಳೆಯುವುದು ಗೋಡೆಯೊಳಗೆ ಹೊಕ್ಕ ತುದಿ. ಸುತ್ತಿಗೆಯಿಂದ ತಟ್ಟುತ್ತಾ ಹೋದರೆ ಗಟ್ಟಿ ಮರ ಠಣ್ ಎನ್ನುತ್ತದೆ, ಕೊಳೆತದ್ದು ಬದ್ ಎನ್ನುತ್ತದೆ. ಆ ತುದಿಯಷ್ಟನ್ನೇ ಕೊಯ್ದು ಹೊಸ ತೇಗದ ತುಂಡನ್ನು ಬೋಲ್ಟು ಹಾಕಿ ಬೆಸೆದರೆ ಸಾಕು, ಇಡೀ ತೊಲೆ ಬದಲಿಸಬೇಕಿಲ್ಲ.

ದುಡ್ಡು ಯಾರದು?

1947ರ ಬಾಡಿಗೆ ಕಾಯ್ದೆಯ ಬಳಿಕ ಹಳೇ ಬಾಡಿಗೆಗಳು ಇದ್ದಲ್ಲೇ ನಿಂತವು. ಬಂದ ಬಾಡಿಗೆ ಬಣ್ಣಕ್ಕೂ ಸಾಲದಾದಾಗ ಮಾಲೀಕರು ರಿಪೇರಿ ಬಿಟ್ಟರು. 1969ರ ಕಾಯ್ದೆಯಿಂದ ಸೆಸ್ ವಸೂಲಿ ಮಾಡಿ ರಿಪೇರಿ ಮಾಡಿಸುವ ಮಂಡಳಿ ಹುಟ್ಟಿತು, ಈಗ ಅದು ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾದ ಭಾಗ. ನಿಮ್ಮದು ಸೆಸ್ ಕಟ್ಟಡವಾದರೆ ಮೊದಲ ಅರ್ಜಿ ಅಲ್ಲಿಗೆ. ಪಾರಂಪರಿಕ ಪಟ್ಟಿಯಲ್ಲಿದ್ದು ಎತ್ತರಿಸಲು ಅನುಮತಿ ಸಿಗದ ಕಟ್ಟಡದ ಮಾಲೀಕರು ಆ ಕಟ್ಟುವ ಹಕ್ಕನ್ನು ಟಿಡಿಆರ್ ರೂಪದಲ್ಲಿ ಬೇರೆಡೆಗೆ ಮಾರುವ ಅವಕಾಶವೂ ನಿಯಮದಲ್ಲಿದೆ.

ಬಳಕೆಯಿದ್ದರೆ ಉಳಿವು

ರಿಪೇರಿಯಾದ ಕಟ್ಟಡಕ್ಕೆ ಬೀಗ ಜಡಿದರೆ ಸೋರಿಕೆ ಯಾರ ಕಣ್ಣಿಗೂ ಬೀಳದು. 1911ರ ಸರ್ ಕಾವಸ್‌ಜಿ ಜಹಾಂಗೀರ್ ಸಭಾಂಗಣ ಹೊರಮೈ ಉಳಿಸಿಕೊಂಡು, ಒಳಗೆ ಹಂತಹಂತದ ಗ್ಯಾಲರಿಗಳನ್ನು ಕೂರಿಸಿಕೊಂಡು, 1996ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಯಿತು. 1993ರಲ್ಲಿ ಮುಚ್ಚಿದ ರಾಯಲ್ ಒಪೆರಾ ಹೌಸ್ 2016ರಲ್ಲಿ ಮತ್ತೆ ರಂಗಮಂದಿರವಾಗಿಯೇ ತೆರೆಯಿತು. 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಓವಲ್ ಮೈದಾನದ ಆರ್ಟ್ ಡೆಕೊ ಕಟ್ಟಡಗಳಲ್ಲಿ ಇಂದಿಗೂ ಸಂಸಾರಗಳಿವೆ.

ಹೋಟೆಲ್ ನಡೆಸುವವರಿಗೆ ಎರಡು ಎಚ್ಚರಿಕೆ. ಜಾಗ ದೊಡ್ಡದು ಮಾಡಲೆಂದು ಭಾರ ಹೊತ್ತ ಗೋಡೆ, ಕಂಬಗಳನ್ನು ಕೆಡಿಸಬೇಡಿ. 2017ರಲ್ಲಿ ಘಾಟ್‌ಕೋಪರ್‌ನಲ್ಲಿ ಕಟ್ಟಡವೊಂದು ಕುಸಿದು 17 ಜನ ಸತ್ತಾಗ ನೆಲಮಹಡಿಯ ನವೀಕರಣದ ಮೇಲೆಯೇ ಆರೋಪ ಬಂದಿತ್ತು. ಪಾತ್ರೆ ತೊಳೆಯುವ ಜಾಗದ ನೀರು ಗೋಡೆಗೆ ತಾಗದಂತೆ ಇಳಿಜಾರು ಸರಿಯಿರಲಿ.

ಮೇ ತಿಂಗಳೊಳಗೆ ಛಾವಣಿ ಮತ್ತು ಕೊಳವೆ ನೋಡಿಸಿ, ಮಳೆಯಲ್ಲಿ ಸೋರುವ ಜಾಗಗಳನ್ನು ಗುರುತು ಹಾಕಿಡಿ, ಗಾರೆ ಕೆಲಸ ಮಳೆ ನಿಂತ ಮೇಲೆ ಹಿಡಿಸಿ. ಕಂತ್ರಾಟುದಾರರನ್ನು ಗೊತ್ತುಮಾಡುವ ಮೊದಲು ಅವರು ಸುಣ್ಣದಲ್ಲಿ ಮಾಡಿದ ಕೆಲಸವನ್ನು ಕಣ್ಣಾರೆ ನೋಡಿ ಬನ್ನಿ, ಅದು ಒಂದು ಮಳೆಗಾಲವನ್ನಾದರೂ ದಾಟಿದ್ದಿರಲಿ.