ಸೋಪು ಮಾಡುವ ಕೆಲಸ, ಸೋಪು ಮಾಡದ ಕೆಲಸ

ನಿಮ್ಮಲ್ಲಿ ಅನೇಕರು ಸಂಜೆಯಾದರೆ ಚೀಲ ಹೆಗಲಿಗೇರಿಸಿ ಕುಸ್ತಿಗೋ ಜೂಡೋಗೋ ಕಿಕ್‌ಬಾಕ್ಸಿಂಗಿಗೋ ಹೊರಡುತ್ತೀರಿ. ಸಂಘದ ಯುಗಾದಿ ನಾಟಕಕ್ಕೆ ಕರೆದಾಗ "ಆಂಟಿ, ಪ್ರಾಕ್ಟೀಸ್ ಇದೆ" ಎಂದು ತಪ್ಪಿಸಿಕೊಳ್ಳುವವರು ನೀವೇ ಅಲ್ಲವೇ? ಅದಕ್ಕೆ ನನ್ನ ಸಿಟ್ಟಿಲ್ಲ. ನನ್ನ ಮನೆಯಲ್ಲೂ ಅಂಥವನೊಬ್ಬನಿದ್ದಾನೆ. ಇವತ್ತು ನಿಮ್ಮ ಹತ್ತಿರ ಮಾತಾಡಬೇಕಾದದ್ದು ಅವನ ಸ್ನಾನದ ಸೋಪಿನ ಬಗ್ಗೆ. ನಗಬೇಡಿ. ಆ ಸೋಪನ್ನು ನಂಬಿ ನಾವು ಒಂದು ಪಂದ್ಯವನ್ನು ಕಳೆದುಕೊಂಡೆವು, ಇನ್ನೊಬ್ಬರ ಮಗನಿಗೂ ತೊಂದರೆ ಕೊಟ್ಟೆವು.

ಕುಸ್ತಿ ನಮ್ಮ ಮನೆತನಕ್ಕೆ ಹೊಸದೇನಲ್ಲ. ಧಾರವಾಡದ ಹತ್ತಿರದ ಹಳ್ಳಿಯಲ್ಲಿ ನನ್ನ ದೊಡ್ಡಪ್ಪ ಪೈಲ್ವಾನರಾಗಿದ್ದರು. ಗರಡಿಮನೆಯ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಗುದ್ದಲಿಯಿಂದ ಮಗುಚುತ್ತಿದ್ದುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಹೆಣ್ಣುಮಕ್ಕಳಿಗೆ ಒಳಗೆ ಪ್ರವೇಶವಿರಲಿಲ್ಲ. "ಆ ಮಣ್ಣಿನೊಳಗ ಔಷಧ ಐತಿ, ಚರ್ಮರೋಗ ಬರೂದಿಲ್ಲ" ಎಂದು ದೊಡ್ಡಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು. ಹಾಗೆ ಹೇಳುವಾಗ ಅವರ ಬೆನ್ನ ಮೇಲೆ ಬಳೆಯಾಕಾರದ ಗಜಕರ್ಣದ ಕಲೆಯೂ ಕಾಣುತ್ತಿತ್ತು! ಹಳೆಯದೆಲ್ಲ ಒಳ್ಳೆಯದು ಎಂದು ಹೇಳುವ ಮನಸ್ಸಾದಾಗಲೆಲ್ಲ ನನಗೆ ಆ ಬೆನ್ನು ನೆನಪಾಗುತ್ತದೆ.

ನನ್ನ ಮಗ ಇಲ್ಲಿ ಪುಣೆಯಲ್ಲಿ ಕಲಿತದ್ದು ಮ್ಯಾಟಿನ ಕುಸ್ತಿ. ಮೂರು ವರ್ಷದ ಹಿಂದೆ, ಪಂದ್ಯಕ್ಕೆ ಇನ್ನು ಆರು ವಾರವಿದೆ ಎನ್ನುವಾಗ, ಅವನ ಮುಂಗೈ ಮೇಲೆ ಒಂದು ಕೆಂಪು ಉಂಗುರ ಕಾಣಿಸಿತು. ನಾನು ಕೂಡಲೇ ಅಂಗಡಿಗೆ ಹೋಗಿ 'ರೋಗಾಣುಗಳನ್ನು ಕೊಲ್ಲುತ್ತದೆ' ಎಂದು ಬರೆದಿದ್ದ ಸೋಪಿನ ಆರು ಬಿಲ್ಲೆಗಳನ್ನು ಒಟ್ಟಿಗೆ ತಂದೆ. ಘಾಟು ಎಷ್ಟೆಂದರೆ ಬಚ್ಚಲುಮನೆ ಆಸ್ಪತ್ರೆಯಂತಾಯಿತು. ಘಾಟು ಇದ್ದರೆ ಶಕ್ತಿಯೂ ಇರಬೇಕು ಎಂಬ ನಂಬಿಕೆ ನನ್ನದು, ಬಿ.ಎ. ಓದಿದ್ದೇನೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅವನು ದಿನಕ್ಕೆರಡು ಸಲ ತಿಕ್ಕಿ ತಿಕ್ಕಿ ತೊಳೆದ. ಉಂಗುರ ದೊಡ್ಡದಾಯಿತು. ಆಮೇಲೆ ಅವನು ನನಗೆ ಹೇಳದೆ ಔಷಧದ ಅಂಗಡಿಯಿಂದ ಒಂದು ಮುಲಾಮು ತಂದ. ಮೂರು ದಿನಕ್ಕೆ ಕೆಂಪು ಮಾಯ. "ನೋಡಮ್ಮಾ, ಏನೂ ಉಳಿದಿಲ್ಲ" ಎಂದು ಕೈ ತೋರಿಸಿದ. ನಾನೂ ಸೋಪಿನ ಮಹಿಮೆ ಎಂದುಕೊಂಡು ಸುಮ್ಮನಾದೆ. ಮುಲಾಮು ಬಿಟ್ಟ ವಾರಕ್ಕೆ ಅದು ತೋಳಿಗೆ, ಕುತ್ತಿಗೆಗೆ, ತೊಡೆಯ ಸಂದಿಗೆ ಹರಡಿತ್ತು. ಉದ್ದ ತೋಳಿನ ಬನಿಯನ್ ತೊಟ್ಟು ತಾಲೀಮಿಗೆ ಹೋಗುತ್ತಲೇ ಇದ್ದ. ಅವನ ಜೊತೆ ಹಿಡಿ ಕಲಿಯುತ್ತಿದ್ದ ಹದಿಮೂರು ವರ್ಷದ ಹುಡುಗನ ಕೆನ್ನೆಯ ಮೇಲೆ ಅದೇ ಉಂಗುರ ಎದ್ದ ಮೇಲೆ ವಸ್ತಾದರು ಇಬ್ಬರನ್ನೂ ನಿಲ್ಲಿಸಿದರು. ಆ ಹುಡುಗನ ತಾಯಿ ನಮ್ಮ ಮನೆಗೆ ಬಂದಾಗ ನಾನು ಚಹಾ ಮಾಡುವ ನೆಪದಲ್ಲಿ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ.

ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದೆವು. ಸೋಪಿನ ಹೆಸರು ಹೇಳಿದೆ. ಆಕೆ ನಕ್ಕು, "ಇದು ಬ್ಯಾಕ್ಟೀರಿಯಾಕ್ಕೆ ಮಾಡಿದ ಸೋಪು. ನಿಮ್ಮ ಮಗನಿಗೆ ಬಂದಿರುವುದು ಶಿಲೀಂಧ್ರ" ಎಂದರು. ಅಲ್ಲಿಂದ ಶುರುವಾಯಿತು ನನ್ನ ಓದು.

ಕುಸ್ತಿಯವರ ಚರ್ಮಕ್ಕೆ ಬರುವ ಅಂಟುರೋಗಗಳಲ್ಲಿ ಮುಖ್ಯವಾಗಿ ಮೂರು ಜಾತಿ. ಒಂದು ಶಿಲೀಂಧ್ರ, ಅಂದರೆ ಬೂಷ್ಟಿನ ಬಳಗ. ಅದೇ ಗಜಕರ್ಣ, ಮೈಸೂರು ಕಡೆಯವರಾದರೆ ನಿಮ್ಮ ಅಜ್ಜಿ ಹುಳುಕಡ್ಡಿ ಎನ್ನುತ್ತಾರೆ, ಆದರೆ ಅದರಲ್ಲಿ ಹುಳುವೂ ಇಲ್ಲ, ಕಡ್ಡಿಯೂ ಇಲ್ಲ. ಎರಡನೆಯದು ವೈರಸ್. ತುಟಿಯ ಪಕ್ಕ ಜ್ವರದ ಗುಳ್ಳೆ ತರುವ ಹರ್ಪಿಸ್ ವೈರಸ್ಸೇ ಕುಸ್ತಿಯಲ್ಲಿ ಕೆನ್ನೆ, ಕುತ್ತಿಗೆ, ತೋಳಿಗೆ ಉಜ್ಜಿ ಗುಳ್ಳೆಗಳ ಗುಂಪನ್ನೇ ಎಬ್ಬಿಸುತ್ತದೆ. ವೈದ್ಯರು ಇದಕ್ಕೆ 'ಹರ್ಪಿಸ್ ಗ್ಲಾಡಿಯೇಟೋರಮ್' ಎಂದು ರೋಮನ್ ಮಲ್ಲರ ಹೆಸರನ್ನೇ ಇಟ್ಟಿದ್ದಾರೆ. ಇದು ನಮ್ಮ ಹಿರಿಯರು ಹೇಳುವ ಸರ್ಪಸುತ್ತು ಅಲ್ಲ, ಅದು ಬೇರೆ ವೈರಸ್ಸು. ಮೂರನೆಯದು ಬ್ಯಾಕ್ಟೀರಿಯಾ: ಕುರು, ಕೀವು, ಜೇನುತುಪ್ಪದ ಬಣ್ಣದ ಹಕ್ಕಳೆ ಕಟ್ಟುವ ಇಂಪೆಟಿಗೊ. ಇದರಲ್ಲಿಯೇ ಎಮ್‌.ಆರ್‌.ಎಸ್‌.ಎ. ಎಂಬ, ಅನೇಕ ಆಂಟಿಬಯಾಟಿಕ್‌ಗಳಿಗೆ ಜಗ್ಗದ ತಳಿಯೂ ಸೇರಿದೆ.

ಈಗ ಸೋಪಿನ ಕಡೆ ಬನ್ನಿ. ಸಾದಾ ಸೋಪು ಯಾವ ರೋಗಾಣುವನ್ನೂ ಹುಡುಕಿ ಕೊಲ್ಲಲು ಹೋಗುವುದಿಲ್ಲ. ಅದರ ಕಣಕ್ಕೆ ಎರಡು ತುದಿ. ಒಂದು ನೀರನ್ನು ಹಿಡಿಯುತ್ತದೆ, ಇನ್ನೊಂದು ಜಿಡ್ಡನ್ನು. ಬೆವರು, ಎಣ್ಣೆ, ಮ್ಯಾಟಿನ ಕೊಳೆ, ಅದರೊಳಗಿನ ಜೀವಿಗಳು ಎಲ್ಲವನ್ನೂ ಎತ್ತಿ ನೀರಿನ ಜೊತೆ ಚರಂಡಿಗೆ ಕಳಿಸುತ್ತದೆ. ಎಣ್ಣೆ ಹತ್ತಿದ ಒಗ್ಗರಣೆ ಸೌಟು ತೊಳೆದವರಿಗೆ ಇದನ್ನು ವಿವರಿಸಬೇಕಿಲ್ಲ. (ತೊಳೆಯದವರು ಇವತ್ತು ರಾತ್ರಿ ತೊಳೆದು ನೋಡಿ, ತಾಯಿಗೂ ಸಂತೋಷವಾಗುತ್ತದೆ.) ರೋಗಾಣುನಾಶಕ ಸೋಪಿನಲ್ಲಿ ಇದರ ಜೊತೆ ಇನ್ನೊಂದು ರಾಸಾಯನಿಕ ಇರುತ್ತದೆ. ಬಹಳ ವರ್ಷ ಹೆಸರುವಾಸಿಯಾಗಿದ್ದ ಟ್ರೈಕ್ಲೊಸಾನ್, ಬ್ಯಾಕ್ಟೀರಿಯಾ ತನ್ನ ಮೈಗೆ ಬೇಕಾದ ಕೊಬ್ಬನ್ನು ತಯಾರಿಸದಂತೆ ತಡೆಯುತ್ತದೆ. ಆ ಏಟು ಬೀಳುವುದು ಮುಖ್ಯವಾಗಿ ಬ್ಯಾಕ್ಟೀರಿಯಾಕ್ಕೆ. ಚರ್ಮದೊಳಗೆ ಬೇರೂರಿದ ಗಜಕರ್ಣವಾಗಲಿ, ನರದ ಗಂಟಿನಲ್ಲಿ ಅಡಗಿ ಕೂತ ಹರ್ಪಿಸ್ ಆಗಲಿ ಬಚ್ಚಲಿನ ಸೋಪಿಗೆ ಎಟುಕುವುದೇ ಇಲ್ಲ.

ಬ್ಯಾಕ್ಟೀರಿಯಾಕ್ಕಾದರೂ ಉಪಯೋಗವಿದೆಯೇ? 2016ರ ಸೆಪ್ಟೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಟ್ರೈಕ್ಲೊಸಾನ್, ಟ್ರೈಕ್ಲೊಕಾರ್ಬಾನ್ ಸೇರಿ 19 ರಾಸಾಯನಿಕಗಳನ್ನು ಮನೆಬಳಕೆಯ ಕೈತೊಳೆಯುವ ಮತ್ತು ಸ್ನಾನದ ಸೋಪುಗಳಲ್ಲಿ ಬಳಸಕೂಡದೆಂದು ನಿಯಮ ಮಾಡಿತು. ಸಾದಾ ಸೋಪು ಮತ್ತು ನೀರಿಗಿಂತ ಇವು ರೋಗವನ್ನು ಹೆಚ್ಚು ತಡೆಯುತ್ತವೆ, ದಿನಾ ದೀರ್ಘಕಾಲ ಬಳಸಿದರೂ ಅಪಾಯವಿಲ್ಲ ಎಂಬುದನ್ನು ತಯಾರಕರು ತೋರಿಸಿಕೊಡಲಿಲ್ಲ ಎಂಬುದೇ ಕಾರಣ.

ಮಲ್ಲರಿಗೆ ಹತ್ತಿರದ ಪರೀಕ್ಷೆ ನಡೆದದ್ದು ಸೈನಿಕರ ಮೇಲೆ. ಅವರೂ ನಿಮ್ಮ ವಯಸ್ಸಿನವರೇ. ಒಂದೇ ಕೋಣೆಯಲ್ಲಿ ಮಲಗಿ, ನೆಲದ ಮೇಲೆ ಹೊರಳಿ, ಮೈ ತರಚಿಕೊಂಡು ತರಬೇತಿ ಪಡೆಯುವವರು. ಅಮೆರಿಕದ ಮರೀನ್ ಅಧಿಕಾರಿಗಳಾಗಲು ಬಂದ 1,500ಕ್ಕೂ ಹೆಚ್ಚು ಅಭ್ಯರ್ಥಿಗಳಲ್ಲಿ ಕೆಲವರಿಗೆ ಕ್ಲೋರ್‌ಹೆಕ್ಸಿಡಿನ್ ಎಂಬ ಆಸ್ಪತ್ರೆ ದರ್ಜೆಯ ಔಷಧದಲ್ಲಿ ನೆನೆಸಿದ ಬಟ್ಟೆಯನ್ನು ವಾರಕ್ಕೆ ಮೂರು ಸಲ ಮೈ ಒರೆಸಿಕೊಳ್ಳಲು ಕೊಟ್ಟರು. ಉಳಿದವರಿಗೆ ಔಷಧವಿಲ್ಲದ ಬಟ್ಟೆ. ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಔಷಧದ ಗುಂಪಿನವರ ಮೈ ಮೇಲೆ ಎಮ್‌.ಆರ್‌.ಎಸ್‌.ಎ. ನೆಲೆಸುವುದು ಕಡಿಮೆಯಾಗಿತ್ತು, ಆದರೆ ಚರ್ಮದ ಸೋಂಕು ಕಡಿಮೆಯಾಗಿರಲಿಲ್ಲ! ಮುಂದೆ ಜಾರ್ಜಿಯಾದ ಫೋರ್ಟ್ ಬೆನ್ನಿಂಗ್‌ನಲ್ಲಿ 30,000ಕ್ಕೂ ಹೆಚ್ಚು ಕಾಲಾಳು ತರಬೇತಿದಾರರ ಮೇಲೆ ವಾರಕ್ಕೊಮ್ಮೆಯ ಕ್ಲೋರ್‌ಹೆಕ್ಸಿಡಿನ್ ಸ್ನಾನವನ್ನು ಪರೀಕ್ಷಿಸಿದರು. 2014ರಲ್ಲಿ ಬಂದ ವರದಿಯಲ್ಲೂ ಒಟ್ಟು ಸೋಂಕು ತಗ್ಗಿದ್ದು ಕಾಣಲಿಲ್ಲ. ವಾರಕ್ಕೊಂದು ಸ್ನಾನ ದಿನದ ಸ್ನಾನವಲ್ಲ, ಸೈನಿಕ ಕುಸ್ತಿಪಟುವೂ ಅಲ್ಲ, ಆದ್ದರಿಂದ ಇದೇ ಕೊನೆಯ ಮಾತು ಎಂದು ನಾನು ಹಠ ಹಿಡಿಯುವುದಿಲ್ಲ. ಆದರೆ ಅಷ್ಟು ಬಲವಾದ ಔಷಧವೇ ಸೋತಲ್ಲಿ ಅಂಗಡಿಯ ಸೋಪಿನ ಬಿಲ್ಲೆ ಗೆಲ್ಲುತ್ತದೆಂದು ನಂಬಲು ನನಗೆ ಕಾರಣ ಕಾಣುವುದಿಲ್ಲ. ಪದೇ ಪದೇ ಕುರು ಏಳುವವರಿಗೆ ವೈದ್ಯರೇ ಕೆಲವು ದಿನ ಕ್ಲೋರ್‌ಹೆಕ್ಸಿಡಿನ್ ಸ್ನಾನ ಬರೆದುಕೊಡುವುದುಂಟು. ಅದು ಚಿಕಿತ್ಸೆ. ಅವರು ಹೇಳಿದಷ್ಟು ದಿನ ಮಾಡಿ.

ಅತಿಯಾಗಿ ತಿಕ್ಕುವುದರಲ್ಲಿ ನಷ್ಟವೂ ಇದೆ. ಚರ್ಮದ ಮೇಲಿನ ತೆಳು ಜಿಡ್ಡಿನ ಪದರವೇ ನಮ್ಮ ಮೊದಲ ಬೇಲಿ. ಘಾಟು ಸೋಪಿನಿಂದ ಎರಡು ಹೊತ್ತೂ ಉಜ್ಜಿದರೆ ಆ ಬೇಲಿ ಒಣಗಿ ಬಿರುಕು ಬಿಡುತ್ತದೆ, ಆ ಬಿರುಕೇ ರೋಗಾಣುವಿಗೆ ಬಾಗಿಲು. ನನ್ನ ಮಗನ ಮೊಣಕೈ ಆಗ ಬೇಸಿಗೆಯ ಕೆರೆಯಂಗಳದಂತಾಗಿತ್ತು.

ಇದನ್ನೆಲ್ಲ ಕೇಳಿ ಸ್ನಾನ ಬಿಡಬೇಡಿ ಮತ್ತೆ! ತಾಲೀಮು ಮುಗಿದ ಕೂಡಲೇ ಸಾದಾ ಸೋಪಿನಿಂದ ಸ್ನಾನ ಮಾಡಿ, ಮೈಸೂರು ಸ್ಯಾಂಡಲ್ ಆದರೂ ಸರಿ. ಮನೆಗೆ ಬಂದು, ಫೋನ್ ನೋಡಿ, ಊಟ ಮಾಡಿ, ಆಮೇಲೆ ಎಂದರೆ ಅಷ್ಟು ಹೊತ್ತು ಇನ್ನೊಬ್ಬನ ಚರ್ಮದ ಕೊಳೆ ನಿಮ್ಮ ಮೈ ಮೇಲೆ ಕೂತಿರುತ್ತದೆ. ತಾಲೀಮಿನ ಬಚ್ಚಲಲ್ಲಿ ಎಲ್ಲರೂ ಉಜ್ಜುವ ಒಂದೇ ಬಿಲ್ಲೆ ಬೇಡ. ನಿಮ್ಮದೇ ದ್ರವ ಸೋಪಿನ ಬಾಟಲಿ ಇರಲಿ. ಟವೆಲ್ ಯಾರಿಗೂ ಕೊಡಬೇಡಿ, ಪ್ರಾಣಸ್ನೇಹಿತನಿಗೂ. ಬೆರಳಸಂದಿ, ತೊಡೆಸಂದಿ ಪೂರ್ತಿ ಒಣಗಲಿ, ಬೂಷ್ಟಿಗೆ ಬೇಕಾದದ್ದು ತೇವವೇ. ಬೆವರಿನ ಬಟ್ಟೆಯನ್ನು ಮರುದಿನದವರೆಗೆ ಚೀಲದಲ್ಲೇ ಬಿಡುವ ಅಭ್ಯಾಸ ನಿಮಗಿದೆಯೆಂದು ನನಗೆ ಗೊತ್ತು, ಏಕೆಂದರೆ ಆ ಚೀಲವನ್ನು ತೆರೆಯುವವಳು ನಾನು. ಉಗುರು ಕತ್ತರಿಸಿ. ತರಚು ಗಾಯಕ್ಕೆ ಪಟ್ಟಿ ಕಟ್ಟಿ. ಮ್ಯಾಟನ್ನು ದಿನಾ ಸೋಂಕುನಾಶಕದಿಂದ ಒರೆಸುತ್ತಾರೆಯೇ, ದ್ರಾವಣವನ್ನು ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒದ್ದೆಯಾಗಿ ಬಿಡುತ್ತಾರೆಯೇ ಎಂದು ವಸ್ತಾದರನ್ನು ವಿನಯದಿಂದಲೇ ಕೇಳಿ.

ಆದರೆ ಇವೆಲ್ಲಕ್ಕಿಂತ ದೊಡ್ಡದು, ಮತ್ತು ಕಷ್ಟವಾದದ್ದು, ಬಚ್ಚಿಡದೇ ಇರುವುದು. 1989ರಲ್ಲಿ ಅಮೆರಿಕದ ಮಿನೆಸೋಟಾದ ಒಂದು ಕುಸ್ತಿ ಶಿಬಿರದಲ್ಲಿ 175 ಹುಡುಗರ ಪೈಕಿ 60 ಜನರಿಗೆ ಹರ್ಪಿಸ್ ಹಬ್ಬಿತು. ಅದೇ ರಾಜ್ಯದಲ್ಲಿ 2007ರಲ್ಲಿ ಶಾಲಾ ಕುಸ್ತಿಯನ್ನೇ ಎಂಟು ದಿನ ನಿಲ್ಲಿಸಬೇಕಾಯಿತು. ಅಲ್ಲಿ ಬಹಳ ಮಟ್ಟಿಗೆ ರೋಗ ಹೋಗುವುದು ಚರ್ಮದಿಂದ ಚರ್ಮಕ್ಕೆ, ಹಿಡಿತದ ಆ ಕ್ಷಣದಲ್ಲಿಯೇ. ಆಮೇಲೆ ಹಚ್ಚುವ ಸೋಪು ಏನು ಮಾಡೀತು? ಅಲ್ಲಿನ ಕಾಲೇಜು ಕುಸ್ತಿಯಲ್ಲಿ ಪಂದ್ಯಕ್ಕೆ ಮೊದಲು ಮೈಯನ್ನು ಪರೀಕ್ಷಿಸುತ್ತಾರೆ. ಮೈ ಮೇಲೆ ಗಜಕರ್ಣವಿದ್ದರೆ ಕನಿಷ್ಠ 72 ಗಂಟೆ ಔಷಧ ಹಚ್ಚಿರಬೇಕು, ತಲೆಯಲ್ಲಿದ್ದರೆ 14 ದಿನ ಮಾತ್ರೆ ನುಂಗಿರಬೇಕು ಎಂಬ ಲೆಕ್ಕವಿದೆ. ಹೊರಗೆ ಕೂರುವುದು ಸೋಲಲ್ಲ ಎಂದು ಹುಡುಗರಿಗೆ ತಿಳಿಸಲು ಇಂಥ ನಿಯಮವೇ ಬೇಕೇನೋ.

ಇನ್ನು ಆ ಮುಲಾಮಿನ ವಿಷಯ. ನಮ್ಮ ದೇಶದಲ್ಲಿ ಇದು ದೊಡ್ಡ ಪಿಡುಗು. ಅದರಲ್ಲಿ ಶಿಲೀಂಧ್ರದ ಔಷಧದ ಜೊತೆ ಬಲವಾದ ಸ್ಟೆರಾಯ್ಡ್ ಬೆರೆಸಿರುತ್ತಾರೆ. ಸ್ಟೆರಾಯ್ಡ್ ಕೆಂಪನ್ನೂ ತುರಿಕೆಯನ್ನೂ ಅಡಗಿಸುತ್ತದೆ, ಜೊತೆಗೆ ಚರ್ಮದ ಕಾವಲನ್ನೂ ಮಲಗಿಸುತ್ತದೆ. ಬೂಷ್ಟು ಒಳಗೊಳಗೇ ಹಬ್ಬುತ್ತದೆ. 2018ರಲ್ಲಿ ಕೇಂದ್ರ ಸರಕಾರ ಇಂಥ ಅನೇಕ ಸ್ಟೆರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ತಂದಿತು. ನನ್ನ ಮಗ ಆಮೇಲೂ ಚೀಟಿಯಿಲ್ಲದೆಯೇ ತಂದ. ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು 2020ರಲ್ಲಿ ಹೆಸರು ಪಡೆದ ಗಜಕರ್ಣದ ತಳಿಗೆ ಟೆರ್ಬಿನಾಫಿನ್ ಎಂಬ ಪ್ರಸಿದ್ಧ ಔಷಧ ಅನೇಕ ಸಲ ನಾಟುವುದಿಲ್ಲ. ಆ ಹೆಸರಿನೊಳಗೆ ನಮ್ಮ ದೇಶದ ಹೆಸರೂ ಕೂತಿದೆ ನೋಡಿ. ಆದ್ದರಿಂದ ಉಂಗುರ ಕಂಡರೆ ಔಷಧದ ಅಂಗಡಿಯವನಿಗೆ ತೋರಿಸಬೇಡಿ, ಡಾಕ್ಟರಿಗೆ ತೋರಿಸಿ, ಮತ್ತು ಕಲೆ ಮಾಸಿತೆಂದು ಔಷಧ ನಿಲ್ಲಿಸಬೇಡಿ.

ಮಗನ ಚಿಕಿತ್ಸೆಗೆ ಎರಡು ತಿಂಗಳ ಮೇಲಾಯಿತು. ಪಂದ್ಯದ ದಿನ ಮನೆಯಲ್ಲೇ ಕೂತಿದ್ದ. ನಾನು ಮಾಡಿದ ಹೋಳಿಗೆಯನ್ನು ಮುಟ್ಟಲಿಲ್ಲ. ಸಂಜೆ ತಾನಾಗಿಯೇ, "ಅಮ್ಮಾ, ಅವರ ಮನೀಗೆ ಹೋಗಿ ಬರೋಣು" ಎಂದ. ಹೋದೆವು. ಆ ಹುಡುಗನ ತಾಯಿಯ ಎದುರು ನಾನು ಇಂಗ್ಲಿಷಿನಲ್ಲಿ ಏನೋ ತಡವರಿಸಿದೆ, ಅವನು ಮರಾಠಿಯಲ್ಲಿ ನೇರವಾಗಿ, ತನಗೆ ಗೊತ್ತಿದ್ದೂ ಹಿಡಿ ಹಾಕಿದೆ, ತಪ್ಪಾಯಿತು ಎಂದುಬಿಟ್ಟ. ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹುಡುಗನನ್ನು ಕರೆದು, ಅವನ ಕೆನ್ನೆಯನ್ನು ಬೆಳಕಿಗೆ ತಿರುಗಿಸಿ ನಮಗೆ ತೋರಿಸಿದರು. ಕಲೆ ಮಾಸುತ್ತಾ ಬಂದಿತ್ತು.

ಈಗ ಶನಿವಾರದ ಸಂಜೆ ಕಿರಿಯರೆಲ್ಲ ಬನಿಯನ್ ಕಳಚಿ ಟ್ಯೂಬ್‌ಲೈಟಿನ ಕೆಳಗೆ ಸಾಲಾಗಿ ನಿಲ್ಲುತ್ತಾರೆ. ನನ್ನ ಮಗ ಒಬ್ಬೊಬ್ಬರ ಬೆನ್ನು, ಕುತ್ತಿಗೆ, ಕಿವಿಯ ಹಿಂದೆ ನೋಡುತ್ತಾನೆ. ಕೊನೆಗೆ ಅವನ ಬೆನ್ನು ನೋಡುವವನು ಆ ಹುಡುಗ.