ವೈಶಾಖದಲ್ಲೂ ತೊಲಗದ ಮಾಗಿ

ಕಾಲೇಜಿಗೆ ಬೇಸಗೆಯ ರಜೆ ಬಂದಿದ್ದಿತು. ತಲೆಯ ಮೇಲಿನ ಫ್ಯಾನು ಬಿಸಿಗಾಳಿಯನ್ನೇ ಕಡೆದು ಸುರಿಯುತ್ತಿದ್ದ ಒಂದು ಮಧ್ಯಾಹ್ನ, ನಾನು ಹಿಮಾಲಯದ ಪ್ರಯಾಣಕ್ಕೆಂದು ಬೆನ್ನುಚೀಲ ತುಂಬುತ್ತ ಕುಳಿತಿದ್ದೆ. ನನ್ನಾಕೆ ಪೆಟ್ಟಿಗೆಯ ತಳದಿಂದ ಎರಡು ಉಣ್ಣೆಯ ಸ್ವೆಟರುಗಳನ್ನು ತೆಗೆದು ತಂದಳು. “ಒಂದು ಸಾಕು, ವೈಶಾಖಮಾಸದಲ್ಲಿ ಎರಡೆರಡು ಹೊತ್ತು ಹೋದರೆ ಕಂಡವರು ನಗುತ್ತಾರೆ” ಎಂದು ಒಂದನ್ನು ಹಿಂದಕ್ಕೆ ಕೊಟ್ಟೆ. ಉಳಿದಂತೆ ಅಂಗಿ, ಬನಿಯನ್ನು, ಕಾಲುಚೀಲ ಎಲ್ಲವೂ ಅಚ್ಚ ಹತ್ತಿಯವು. ಹತ್ತಿಬಟ್ಟೆಯಷ್ಟು ಹಿತವಾದುದು ಲೋಕದಲ್ಲಿ ಮತ್ತೊಂದಿಲ್ಲವೆಂಬುದು ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ನನ್ನ ನಂಬಿಕೆ. ಆ ನಂಬಿಕೆಯು 12,000 ಅಡಿಗಳ ಎತ್ತರದಲ್ಲಿ ನನ್ನ ಕೈಬಿಟ್ಟಿತು.

ಅದು 2023ರ ಮೇ ತಿಂಗಳು. ನಾವು ಹೋದದ್ದು ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಗೆ. ಅಲ್ಲಿ ಪಾರ್ವತಿ ನದಿಯ ದಂಡೆಯ ಮೇಲೆ ಕಸೋಲ್ ಎಂಬ ಊರಿದೆ. ಎತ್ತರ ಸುಮಾರು 5,200 ಅಡಿ. ಅಲ್ಲಿಂದ ಕಾಲ್ನಡಿಗೆಯಲ್ಲಿ ಹೊರಟು, ಕಾಡು ಹುಲ್ಲುಗಾವಲುಗಳನ್ನು ಹಾಯ್ದು, ಸುಮಾರು 13,800 ಅಡಿಗಳ ಎತ್ತರದಲ್ಲಿರುವ ಸರ್ ಪಾಸ್ ಎಂಬ ಪರ್ವತದ ಕಂಡಿಯನ್ನು ದಾಟಿ ಆಚೆಯ ಇಳಿಜಾರಿಗೆ ಇಳಿಯುವುದು ಚಾರಣಪ್ರಿಯರಿಗೆ ಬಹು ಮೆಚ್ಚಿನ ದಾರಿ. ಶಾಲಾ ಕಾಲೇಜುಗಳ ರಜೆಯ ದಿನಗಳಾದುದರಿಂದ ಮೇ ತಿಂಗಳಲ್ಲಿ ಅಲ್ಲಿಯ ಡೇರೆಗಳಲ್ಲಿ ಕನ್ನಡವು ಧಾರಾಳವಾಗಿ ಕಿವಿಗೆ ಬೀಳುತ್ತದೆ. ‘ಸರ್’ ಎಂದರೆ ಸರೋವರವೆಂದು ಅಲ್ಲಿಯವರು ಹೇಳಿದಾಗ, ‘ಸರಸ್’ ಶಬ್ದವು ಆ ಹಿಮದ ನಡುವೆಯೂ ಬಾಳಿಕೊಂಡಿದೆಯಲ್ಲ ಎಂದು ಭಾಷೆಯ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಹಿಗ್ಗಾಯಿತು. ಶಬ್ದದ ಮೂಲವನ್ನು ಹುಡುಕುವ ಬುದ್ಧಿಯನ್ನು ಉಷ್ಣತೆಯ ಲೆಕ್ಕಕ್ಕೂ ಬಳಸಿದ್ದರೆ ಚೆನ್ನಾಗಿದ್ದಿತು.

ಲೆಕ್ಕವೇನೂ ಕಷ್ಟದ್ದಲ್ಲ. ಮೇಲೇರುವ ಪ್ರತಿ 1,000 ಅಡಿಗೆ ಉಷ್ಣತೆಯು ಸುಮಾರು 2 ಡಿಗ್ರಿ ಸೆಂಟಿಗ್ರೇಡಿನಷ್ಟು ಇಳಿಯುತ್ತದೆ. ಕಸೋಲಿಗೂ ಕಂಡಿಗೂ ನಡುವೆ 8,600 ಅಡಿಗಳ ಅಂತರ. ಎಂದ ಮೇಲೆ ಕೆಳಗೆ 20 ಡಿಗ್ರಿಯ ಹಿತವಾದ ಹಗಲಿದ್ದಾಗ ಮೇಲೆ 3 ಡಿಗ್ರಿ. ಇರುಳಿನ ಮಾತು ಹೇಳಬೇಕಾಗಿಲ್ಲ. ಇದರ ಜೊತೆಗೆ ಮೋಡಗಳ ಕಾಟ ಬೇರೆ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟು, ಇರಾನ್ ಆಫ್ಘಾನಿಸ್ತಾನಗಳ ಮೇಲೆ ಹಾಯ್ದು ಬರುವ ವಾಯುಕ್ಷೋಭೆಗಳೇ ಪಶ್ಚಿಮ ಹಿಮಾಲಯಕ್ಕೆ ಚಳಿಗಾಲದ ಹಿಮವನ್ನು ತಂದುಕೊಡುತ್ತವೆ. ವಸಂತ ಬಂದೊಡನೆ ಅವು ನಿಂತುಹೋಗಬೇಕೆಂಬ ಕಟ್ಟಳೆಯೇನೂ ಇಲ್ಲ. ಆ ವರ್ಷ ಮೇ ಮೊದಲ ವಾರದಲ್ಲಿ ದಿಲ್ಲಿಯಲ್ಲಿಯೇ ಬೆಳಗಿನ ಹೊತ್ತು ಮಂಜು ಕವಿದು ಜನ ಬೆರಗಾಗಿದ್ದರು. ಈಚೆಗಂತೂ ಚಳಿಗಾಲವು ತಡವಾಗಿ ಬಂದು ತಡವಾಗಿ ಹೋಗುವ ಅತಿಥಿಯಂತೆ ವರ್ತಿಸುವುದುಂಟು. 2025ರ ಫೆಬ್ರವರಿಯಲ್ಲಿ ಕಾಶ್ಮೀರದ ಗುಲ್ಮಾರ್ಗದಲ್ಲಿ ನಡೆಯಬೇಕಾಗಿದ್ದ ಚಳಿಗಾಲದ ಕ್ರೀಡೆಗಳನ್ನು ಹಿಮ ಸಾಲದೆಂದು ಮಾರ್ಚಿಗೆ ಮುಂದೂಡಬೇಕಾಯಿತು. ಪಂಚಾಂಗವನ್ನು ನೋಡಿ ಗಂಟು ಕಟ್ಟುವವನಿಗೆ ಅಲ್ಲಿ ಮೋಸ ತಪ್ಪಿದ್ದಲ್ಲ.

ಮೊದಲೆರಡು ದಿನ ಏರಿದ್ದು ದೇವದಾರುವಿನ ನೆರಳಿನಲ್ಲಿ. ಬಿಸಿಲು ಚುರುಕಾಗಿದ್ದುದರಿಂದ ಏರಿದವರೆಲ್ಲ ಬೆವರಿದೆವು. ನನ್ನ ಬನಿಯನ್ನು ಬೆವರನ್ನು ಸ್ಪಂಜಿನಂತೆ ಹೀರಿಕೊಂಡಿತು. ಹೀರಿದರೇನು, ಊರಿನಲ್ಲಿಯಂತೆ ಆರಿಹೋಗುವುದೆಂದು ನಾನಿದ್ದೆ. ಮರಗಳ ಸಾಲು ಮುಗಿದು ಹಿಮದ ತೇಪೆಗಳು ಕಾಣಿಸಿಕೊಂಡವು. ಮರುದಿನ ತೇಪೆಗಳು ಒಂದಾಗಿ ಹಾಸಾದವು. ಕಂಡಿಗೆ ಮುಂಚಿನ ಕೊನೆಯ ಶಿಬಿರವಾದ ನಗಾರುವನ್ನು ಸೇರುವ ಹೊತ್ತಿಗೆ ಮಧ್ಯಾಹ್ನ ತಿರುಗಿತ್ತು. ಏಣಿನ ಮೇಲಿನ ಬಯಲು ಜಾಗ. ಡೇರೆಗಳ ಬಟ್ಟೆಯನ್ನು ಗಾಳಿ ಡೋಲು ಬಾರಿಸಿದಂತೆ ಬಾರಿಸುತ್ತಿದ್ದಿತು. ಬೆವರಿನಿಂದ ತೊಯ್ದ ಹತ್ತಿಯ ಮೇಲೆ ಹತ್ತಿ, ಅದರ ಮೇಲೆ ನಾನು ಅಷ್ಟೊಂದು ಅಭಿಮಾನದಿಂದ ಆರಿಸಿದ ಒಂಟಿ ಸ್ವೆಟರು. ಹತ್ತು ನಿಮಿಷಗಳಲ್ಲಿ ನಡುಕ ಹತ್ತಿತು. ಅರ್ಧ ಗಂಟೆಯಲ್ಲಿ ಬೂಟಿನ ಲಾಡಿಯನ್ನು ಬಿಚ್ಚಲು ಬೆರಳುಗಳು ಒಪ್ಪಲಿಲ್ಲ. ಜೊತೆಯವರು ಏನೋ ಕೇಳಿದರು; ನಾನು ಕೊಟ್ಟ ಉತ್ತರ ನನಗೇ ತೊದಲಾಗಿ ಕೇಳಿಸಿತು.

ನಮ್ಮ ದಾರಿ ತೋರುಗನಾಗಿದ್ದವನು ಕೆಳಗಿನ ಹಳ್ಳಿಯ ಯುವಕ, ಇಪ್ಪತ್ತೆರಡರ ಮೇಲಿರಲಾರದು. ಅವನು ನನ್ನ ಮುಖ ನೋಡಿದವನೇ ಡೇರೆಯೊಳಕ್ಕೆ ಎಳೆದೊಯ್ದು, “ಮಾಸ್ತರ್‌ಜೀ, ಮೊದಲು ಒಳಗಿನದೆಲ್ಲ ತೆಗೆಯಿರಿ” ಎಂದ. ಚಳಿಯಲ್ಲಿ ನಡುಗುವವನಿಗೆ ಬಟ್ಟೆ ತೆಗೆಯಲು ಹೇಳುತ್ತಾನಲ್ಲ ಎಂದು ನಾನು ವಾದಕ್ಕೆ ನಿಂತೆ. ಅವನು ವಾದಿಸಲಿಲ್ಲ. ತೊಯ್ದ ಬನಿಯನ್ನನ್ನು ತಾನೇ ಕಿತ್ತು ಹಾಕಿ, ತನ್ನ ಚೀಲದಿಂದ ಕೈಹೆಣಿಗೆಯ ಒರಟು ಉಣ್ಣೆಯ ಒಳಅಂಗಿಯೊಂದನ್ನು ತೆಗೆದು ನನಗೆ ತೊಡಿಸಿ, ಮಲಗುವ ಚೀಲದೊಳಕ್ಕೆ ನೂಕಿ, ಸಕ್ಕರೆ ಸುರಿದ ಬಿಸಿ ಚಹವನ್ನು ಗುಟುಕು ಗುಟುಕಾಗಿ ಕುಡಿಸಿದ. ಒಂದು ಗಂಟೆಯ ಮೇಲೆ ನಡುಕ ನಿಂತಿತು. ಆ ಉಣ್ಣೆಯು ಕುರಿಯ ವಾಸನೆ ಹೊಡೆಯುತ್ತಿದ್ದಿತು. ಅಷ್ಟು ಒಳ್ಳೆಯ ವಾಸನೆಯನ್ನು ನಾನು ಹಿಂದೆಂದೂ ಮೂಸಿರಲಿಲ್ಲ.

ಊರಿಗೆ ಮರಳಿದ ಮೇಲೆ ಇದರ ಮರ್ಮವನ್ನು ಓದಿ ತಿಳಿದುಕೊಂಡೆ. ಬಟ್ಟೆಯು ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ಎಳೆಗಳ ನಡುವೆ ಗಾಳಿಯನ್ನು ಸೆರೆಹಿಡಿದು ಮೈಯ ಶಾಖ ಹೊರಗೆ ಹೋಗದಂತೆ ತಡೆಯುತ್ತದೆ. ಹತ್ತಿಯು ತೊಯ್ದೊಡನೆ ಆ ಗಾಳಿಯ ಜಾಗವನ್ನು ನೀರು ಆಕ್ರಮಿಸುತ್ತದೆ. ನೀರೋ ಗಾಳಿಗಿಂತ 20 ಪಟ್ಟಿಗೂ ಮಿಗಿಲಾದ ವೇಗದಲ್ಲಿ ಶಾಖವನ್ನು ಸಾಗಿಸಬಲ್ಲದು. ಉಣ್ಣೆಯ ಎಳೆಯು ಹಾಗಲ್ಲ. ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ತೇವವನ್ನು ಒಳಗೇ ಅಡಗಿಸಿಕೊಂಡೂ ಮೈಗೆ ಒದ್ದೆಯೆನಿಸುವುದಿಲ್ಲ. ಎಳೆಯ ಸುರುಳಿ ಚಪ್ಪಟೆಯಾಗದೆ ಉಳಿದು ಗಾಳಿಯನ್ನು ಹಿಡಿದೇ ಇರುತ್ತದೆ. ಇನ್ನು ಬೀಸುವ ಗಾಳಿಯ ಮಾತು. ಅಮೆರಿಕದ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬಿಬ್ಬರು ಅಂಟಾರ್ಕ್ಟಿಕದಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಕೊಳವೆಯನ್ನು ಗಾಳಿಗೆ ತೂಗಿಬಿಟ್ಟು, ಅದು ಎಷ್ಟು ಹೊತ್ತಿಗೆ ಹೆಪ್ಪುಗಟ್ಟುವುದೆಂದು ಅಳೆದು, 1945ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವರು ಹಾಕಿಕೊಟ್ಟ ಹಾದಿಯಲ್ಲಿ ತಿದ್ದಿ ಬೆಳೆದ ಇಂದಿನ ಸೂತ್ರದಂತೆ, ಉಷ್ಣಮಾಪಕವು ಸೊನ್ನೆಯನ್ನು ತೋರಿಸುತ್ತಿರುವಾಗ ಗಂಟೆಗೆ 40 ಕಿಲೋಮೀಟರಿನ ಗಾಳಿ ಬೀಸಿದರೆ ತೆರೆದ ಮುಖಕ್ಕೆ ತಗಲುವುದು ಸೊನ್ನೆಗಿಂತ 7 ಡಿಗ್ರಿ ಕೆಳಗಿನ ಚಳಿ.

ಮೈಯ ಒಳಗಿನ ಶಾಖವು 37 ಡಿಗ್ರಿಯಿಂದ ಇಳಿದು 35ಕ್ಕಿಂತ ಕೆಳಗಾದರೆ ವೈದ್ಯರು ಹೈಪೊಥರ್ಮಿಯ ಎನ್ನುತ್ತಾರೆ. ಮೊದಲು ನಡುಕ, ಆಮೇಲೆ ತೊದಲು, ಎಡವು, ಮಂಕು. ಇನ್ನೂ ಕೆಳಗಿಳಿದರೆ ನಡುಕವೇ ನಿಂತುಹೋಗುತ್ತದೆ. ನೋಡುವವರು ಸುಧಾರಿಸಿತೆಂದು ತಿಳಿಯುವ ಅಪಾಯವಿರುವುದು ಅಲ್ಲಿಯೇ. ಕೊನೆಯ ಘಟ್ಟದಲ್ಲಿ ಕೆಲವರು ಸೆಕೆಯೆಂದು ಭ್ರಮಿಸಿ ಮೈಮೇಲಿನ ಬಟ್ಟೆಯನ್ನೇ ಕಿತ್ತೊಗೆಯುವುದುಂಟಂತೆ. ಬುದ್ಧಿಯು ದೇಹಕ್ಕಿಂತ ಮುಂಚೆ ಮಂಕಾಗುವುದರಿಂದ ಸಿಕ್ಕಿಕೊಂಡವನಿಗೆ ತನ್ನ ಸ್ಥಿತಿ ತಿಳಿಯುವುದಿಲ್ಲ, ಪಕ್ಕದಲ್ಲಿರುವವನೇ ತಿಳಿಯಬೇಕು.

ಇದನ್ನೆಲ್ಲ ಓದಿ ಒಂದು ವರ್ಷ ಕಳೆದಿರಲಿಕ್ಕಿಲ್ಲ. 2024ರ ಜೂನ್ ಮೊದಲ ವಾರದಲ್ಲಿ ಬಂದ ಸುದ್ದಿ ನಾಡನ್ನೇ ತಲ್ಲಣಗೊಳಿಸಿತು. ಉತ್ತರಾಖಂಡದಲ್ಲಿ 14,000 ಅಡಿಗಳಿಗೂ ಮೇಲಿರುವ ಸಹಸ್ರ ತಾಲ್ ಸರೋವರಗಳ ಕಡೆಗೆ ಕರ್ನಾಟಕದಿಂದ ಹೋಗಿದ್ದ ತಂಡವು ಹಿಮದ ಬಿರುಗಾಳಿಗೆ ಸಿಲುಕಿತು. ಸ್ಥಳೀಯ ಮಾರ್ಗದರ್ಶಕರೂ ಸೇರಿ 22 ಮಂದಿ. ಅವರಲ್ಲಿ 9 ಮಂದಿ ಹಿಂದಿರುಗಲಿಲ್ಲ. ಮಿಕ್ಕವರ ರಕ್ಷಣೆಗೆ ವಾಯುಸೇನೆಯ ಹೆಲಿಕಾಪ್ಟರುಗಳು ಹೋಗಬೇಕಾಯಿತು. ಆ ತಂಡದಲ್ಲಿ ವರ್ಷಗಳ ಕಾಲ ಬೆಟ್ಟ ಹತ್ತಿದ ಅನುಭವಿಗಳಿದ್ದರು, ವಯಸ್ಸಿನಲ್ಲಿ ಹಿರಿಯರಿದ್ದರು. ಅವರ ಉಡುಪಿನಲ್ಲಾಗಲಿ ತಯಾರಿಯಲ್ಲಾಗಲಿ ಕೊರತೆಯಿದ್ದಿತೆಂದು ಇಲ್ಲಿ ಬೆಚ್ಚಗೆ ಕುಳಿತು ಹೇಳುವ ಅಧಿಕಾರ ನನಗಿಲ್ಲ. ಆ ಎತ್ತರದಲ್ಲಿ ಮರೆಯಿಲ್ಲದ ಬಯಲಿನಲ್ಲಿ ಬಿರುಗಾಳಿ ಹಿಡಿದರೆ ಯಾವ ಉಡುಪೂ ಸಾಲದೆ ಹೋಗಬಹುದು. ಆದರೆ ಜೂನ್ ತಿಂಗಳೆಂಬುದು ನಮಗೆ ಮುಂಗಾರಿನ ಮೊದಲ ಮಳೆಯಾದರೆ, ಅಲ್ಲಿ ಅದು ಇನ್ನೂ ಮಾಗಿಯೇ ಆಗಿರಬಲ್ಲದು ಎಂಬುದನ್ನು ಹಿಂದಿರುಗದವರ ಮನೆಗಳು ಮರೆಯುವಂತಿಲ್ಲ. ಪತ್ರಿಕೆಯನ್ನು ಮಡಿಸಿಟ್ಟು ನಾನು ಬಹಳ ಹೊತ್ತು ಆ ಕುರಿವಾಸನೆಯ ಒಳಅಂಗಿಯನ್ನು ನೆನೆಯುತ್ತಿದ್ದೆ.

ವಿಚಿತ್ರವೆಂದರೆ, ಈ ಉಣ್ಣೆಯ ವಿದ್ಯೆ ನಮ್ಮವರಿಗೆ ಹೊಸದೇನೂ ಅಲ್ಲ. ಮಲೆನಾಡಿನ ರೈತನು ಆಷಾಢದ ಜಡಿಮಳೆಯಲ್ಲಿ ಗದ್ದೆಗಿಳಿಯುವಾಗ ತಲೆಯಿಂದ ಬೆನ್ನಿಗೆ ಇಳಿಬಿಟ್ಟುಕೊಳ್ಳುತ್ತಿದ್ದುದು ಕಂಬಳಿಕೊಪ್ಪೆಯನ್ನಲ್ಲದೆ ಹತ್ತಿಯ ದುಪ್ಪಟಿಯನ್ನಲ್ಲ. ಚಳ್ಳಕೆರೆಯ ಕಡೆಯ ನೇಕಾರರು ಕಂಬಳಿಗೆ ಹುಣಸೆಬೀಜದ ಗಂಜಿಯನ್ನು ಹಾಕಿ ಬಿಗಿಗೊಳಿಸುತ್ತಾರೆ. ಹೊರಗೆ ತೊಯ್ದರೂ ಒಳಗೆ ಬೆಚ್ಚಗಿರುತ್ತದೆ. ಅತ್ತ ಧವಳಧಾರ ಪರ್ವತಗಳ ಗದ್ದಿ ಕುರುಬರು ಚೋಲಾ ಎಂಬ ದಪ್ಪ ಉಣ್ಣೆಯ ನಿಲುವಂಗಿಯನ್ನು ತೊಟ್ಟು, ಸೊಂಟಕ್ಕೆ ಡೋರಾ ಎಂಬ ಕಪ್ಪು ಉಣ್ಣೆಯ ಹಗ್ಗವನ್ನು ಸುತ್ತು ಸುತ್ತಾಗಿ ಬಿಗಿಯುತ್ತಾರೆ. ಎಳೆಯ ಕುರಿಮರಿಗಳಿಗೂ ಆ ಅಂಗಿಯ ಒಳಗೇ ಜಾಗ. 1924ರಲ್ಲಿ ಎವರೆಸ್ಟಿನ ಮೇಲೆ ಕಣ್ಮರೆಯಾದ ಜಾರ್ಜ್ ಮ್ಯಾಲರಿಯ ದೇಹವು 1999ರಲ್ಲಿ ದೊರೆತಾಗ ಅದರ ಮೇಲಿದ್ದುದು ರೇಷ್ಮೆ, ಹತ್ತಿ, ಉಣ್ಣೆಗಳ ಪದರಗಳು ಮತ್ತು ಹೊರಗೊಂದು ಗ್ಯಾಬರ್ಡಿನ್ ಕೋಟು. ಇಷ್ಟರಿಂದ ಎವರೆಸ್ಟನ್ನು ಹತ್ತಲು ಹೋದರೇ ಎಂದು ಜನ ಮರುಗಿದ್ದುಂಟು. 2006ರಲ್ಲಿ ಗ್ರಹಾಂ ಹೊಯ್ಲೆಂಡ್ ಎಂಬವರು ಅದೇ ಮಾದರಿಯ ಉಡುಪನ್ನು ನೇಯಿಸಿ, ಹೊಲಿಸಿ, ಎವರೆಸ್ಟಿನ ಇಳಿಜಾರಿನಲ್ಲಿ ತಾವೇ ತೊಟ್ಟು ನೋಡಿ, ಹಗುರವಾಗಿಯೂ ಬೆಚ್ಚಗೂ ಇದೆಯೆಂದು ಕಂಡುಕೊಂಡರು.

ಪದರಗಳೆಂಬುದೇ ಇದರ ಗುಟ್ಟು. ಮೈಗೆ ಹತ್ತಿರ ಬೆವರನ್ನು ಹಿಡಿದಿಡದ ಉಣ್ಣೆ ಅಥವಾ ಕೃತಕ ನೂಲು. ಅದರ ಮೇಲೆ ಸ್ವೆಟರು, ಇಲ್ಲವೆ ಬಾತುಕೋಳಿಯ ಪುಕ್ಕ ತುಂಬಿದ ಜಾಕೆಟ್ಟು (ಪುಕ್ಕ ಒದ್ದೆಯಾದರೆ ಅದೂ ನಿಷ್ಪ್ರಯೋಜಕ). ಎಲ್ಲಕ್ಕೂ ಹೊರಗೆ ಗಾಳಿಮಳೆಗಳನ್ನು ತಡೆಯುವ ತೆಳು ಹೊದಿಕೆ. ಏರುವಾಗ ಬೆವರು ಒಡೆಯುವ ಮುಂಚೆಯೇ ಒಂದು ಪದರವನ್ನು ಕಳಚಬೇಕು, ನಿಂತೊಡನೆ ತೊಡಬೇಕು. ರಾತ್ರಿಗೆಂದೇ ಒಂದು ಒಣಜೊತೆಯನ್ನು ಚೀಲದಲ್ಲಿ ಕಟ್ಟಿಟ್ಟು, ಏನೇ ಆದರೂ ಹಗಲು ಮುಟ್ಟಬಾರದು. ಬೂಟು ಬಿಗಿಯಾಗಿದ್ದರೆ ಬೆರಳಿಗೆ ರಕ್ತ ಹರಿಯದು. ಎರಡು ಜೊತೆ ಉಣ್ಣೆಯ ಕಾಲುಚೀಲಗಳಿಗೆ ಎಡೆಯಿರುವಂತೆ ಕೊಳ್ಳಬೇಕು. ಅಂಗಡಿಗಳಲ್ಲಿ ದೊರೆಯುವ ಮಿಕ್ಕ ಬಣ್ಣ ಬಣ್ಣದ ಸಾಮಗ್ರಿಗಳಲ್ಲಿ ಅರ್ಧಕ್ಕರ್ಧ ಫೋಟೋಕ್ಕೆ ಮಾತ್ರ ಒದಗುತ್ತವೆಂದು ನನ್ನ ಅಭಿಪ್ರಾಯ.

ಕಪ್ಪು ಕನ್ನಡಕವನ್ನು ಮಾತ್ರ ಆ ಗುಂಪಿಗೆ ಸೇರಿಸಲಾರೆ. ಹೊಸ ಹಿಮವು ತನ್ನ ಮೇಲೆ ಬಿದ್ದ ನೇರಳಾತೀತ ಕಿರಣಗಳಲ್ಲಿ ನೂರಕ್ಕೆ 80ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಕಣ್ಣಿಗೆ ಆಗುವ ಸುಡುಗಾಯ ಆಗಲೇ ತಿಳಿಯುವುದಿಲ್ಲ. ಕೆಲವು ಗಂಟೆಗಳ ಮೇಲೆ ಮರಳು ತುಂಬಿದಂತೆ ಉರಿದು ಕಣ್ಣು ತೆರೆಯಲಾಗದು.

ಮರುದಿನ ಬೆಳಗಿನ ಜಾವ 3 ಗಂಟೆಗೇ ನಮ್ಮನ್ನು ಎಬ್ಬಿಸಿ ಹೊರಡಿಸಿದರು. ಇರುಳ ಚಳಿಗೆ ಹಿಮವು ಕಲ್ಲಾಗಿರುತ್ತದೆ. ಬಿಸಿಲೇರಿದರೆ ಮೆತ್ತಗಾಗಿ ತೊಡೆಯವರೆಗೆ ಹೂಳುತ್ತದೆ, ಜಾರಿ ಕುಸಿಯುವ ಭಯವೂ ಹೆಚ್ಚುತ್ತದೆ. ನಕ್ಷತ್ರಗಳ ಬೆಳಕಿನಲ್ಲಿ ಒಬ್ಬರ ಹೆಜ್ಜೆಗುಳಿಯಲ್ಲಿ ಮತ್ತೊಬ್ಬರು ಹೆಜ್ಜೆಯಿಡುತ್ತ ಏರಿದೆವು. ಕಂಡಿಯನ್ನು ಮುಟ್ಟಿದಾಗ ಸೂರ್ಯೋದಯವಾಗಿತ್ತು. ಸುತ್ತಲಿನ ಶಿಖರಗಳೆಲ್ಲ ತುಪ್ಪದ ಬಣ್ಣಕ್ಕೆ ತಿರುಗಿದ್ದವು. ಆಚೆಯ ಇಳಿಜಾರಿನಲ್ಲಿ ಹಿಮದ ಮೇಲೆ ಕುಳಿತು ಜಾರಬೇಕು. ಪಾಠ ಹೇಳುವ ಗಾಂಭೀರ್ಯವನ್ನು ಮೇಲೆಯೇ ಬಿಟ್ಟು, ಮಕ್ಕಳಂತೆ ಕೂಗುತ್ತ ನಾನೂ ಜಾರಿದೆ. ಕೆಳಗೆ ಆ ಯುವಕ ಕೈಚಾಚಿ ನಿಂತಿದ್ದ. ಶಿಬಿರದಲ್ಲಿ ಉಣ್ಣೆಯ ಒಳಅಂಗಿಯನ್ನು ಹಿಂದಕ್ಕೆ ಕೊಡಹೋದರೆ, ಅವನು ತೆಗೆದುಕೊಳ್ಳಲಿಲ್ಲ. “ಅಮ್ಮ ಇನ್ನೊಂದು ಹೆಣೆಯುತ್ತಾಳೆ” ಎಂದ.

ಹೋದ ಏಪ್ರಿಲ್‌ನಲ್ಲಿ ನನ್ನ ವಿದ್ಯಾರ್ಥಿಯೊಬ್ಬ ಅದೇ ದಾರಿಗೆ ಹೊರಟು ನನ್ನ ಬೆನ್ನುಚೀಲವನ್ನು ಎರವಲು ಕೇಳಲು ಮನೆಗೆ ಬಂದ. ಚೀಲದೊಳಗೆ ಆ ಒಳಅಂಗಿಯನ್ನು ಮಡಿಸಿಟ್ಟು ಕೊಟ್ಟೆ. ಅವನು ಅದನ್ನು ಹೊರತೆಗೆದು ಮೂಸಿ ನೋಡಿ, “ಸರ್, ಮೇ ತಿಂಗಳಲ್ಲಿ ಇದು ಬೇಕಾಗುತ್ತದೆಯೇ?” ಎಂದು ಮೆಲ್ಲಗೆ ಮೇಜಿನ ಮೇಲಿಟ್ಟ. ಒಳಗಿನಿಂದ ಕಾಫಿ ತಂದ ನನ್ನಾಕೆ, ಲೋಟವನ್ನು ಅವನ ಕೈಗೆ ಕೊಟ್ಟು, ಅಂಗಿಯನ್ನು ಎತ್ತಿ ಮತ್ತೆ ಚೀಲದೊಳಕ್ಕೆ ತುರುಕಿದಳು.